ಬೋರ್ ಬಾಯಿಗೆ ಕಿವಿ ಕೊಟ್ಟರೆ

ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆ ಬೋರ್‌ನಲ್ಲಿ ನೀರು ಕಮ್ಮಿಯಾದರೆ ಮೊದಲ ಫೋನು ಹೋಗುವುದು ಪಾಯಿಂಟ್ ಮಾಡುವವರಿಗೆ, ಅಂದರೆ ಹೊಸ ಬೋರಿಗೆ ಜಾಗ ತೋರಿಸುವವರಿಗೆ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲ ಸುತ್ತುತ್ತಾರೆ, ಕಾಯಿ ಎದ್ದು ನಿಂತ ಕಡೆ ಗುರುತು ಹಾಕುತ್ತಾರೆ, ಹಿಂದೆಯೇ ರಿಗ್ ಲಾರಿ ಬರುತ್ತದೆ. ಇಷ್ಟೆಲ್ಲ ನಡೆದರೂ ಒಂದು ಪ್ರಶ್ನೆ ಯಾರ ಬಾಯಲ್ಲೂ ಬಂದಿರುವುದಿಲ್ಲ: ಇರುವ ಬೋರ್‌ನಲ್ಲಿ ನೀರು ಈಗ ಎಷ್ಟು ಅಡಿಯಲ್ಲಿ ನಿಂತಿದೆ? ಕೊರೆಸಿದ ಆಳ ಎಲ್ಲರಿಗೂ ಬಾಯಿಪಾಠ. ಮೋಟಾರು ಎಷ್ಟು ಪೈಪಿಗೆ ಇಳಿದಿದೆ ಅನ್ನೋದೂ ಗೊತ್ತು. ನೀರಿನ ಮಟ್ಟ ಮಾತ್ರ ಬರೀ ಅಂದಾಜು.

ಅದನ್ನು ಅಳೆಯಲು ಪಿವಿಸಿ ಪೈಪಿನ ತುಂಡು, ಹರಿದ ಟ್ಯೂಬು, ಹಳೆ ಇಯರ್‌ಫೋನು ಮತ್ತು ಜೇಬಲ್ಲಿರುವ ಮೊಬೈಲು ಸಾಕು.

ತೆಂಗಿನಕಾಯಿ ಯಾಕೆ ಏಳುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿ ನೂರೆಪ್ಪತ್ತು ವರ್ಷ ದಾಟಿದೆ. ನಮಗೇ ಅರಿವಾಗದಂತೆ ನಮ್ಮ ಸ್ನಾಯುಗಳು ನಿರೀಕ್ಷೆಗೆ ತಕ್ಕಂತೆ ಅಲುಗುತ್ತವೆ; ಇದಕ್ಕೆ 1852ರಲ್ಲಿ ವಿಲಿಯಂ ಕಾರ್ಪೆಂಟರ್ ಎಂಬ ಇಂಗ್ಲಿಷ್ ವೈದ್ಯ ‘ಐಡಿಯೋಮೋಟರ್’ ಎಂದು ಹೆಸರಿಟ್ಟ. ಅಂಗೈ ಮೇಲಿನ ಉರುಟು ಕಾಯಿಗೆ ಕೂದಲೆಳೆಯಷ್ಟು ಓರೆ ಸಾಕು. ಕಾಯಿ ಹಿಡಿದವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಅವರ ಕೈ ಅವರಿಗೇ ಹೇಳದೆ ಕೆಲಸ ಮಾಡುತ್ತಿದೆ. ಆ ವಾದ ಇಲ್ಲಿಗೆ ಸಾಕು, ಬೋರ್ ಬಾಯಿಗೆ ಬರೋಣ.

ಶಬ್ದ ಮಾಡಿ, ಮಾರ್ದನಿ ಬರುವವರೆಗಿನ ಹೊತ್ತು ಅಳೆಯಿರಿ. ಬೋರ್ ಒಳಗಿನ ಗಾಳಿ ವರ್ಷವಿಡೀ ಹೆಚ್ಚುಕಮ್ಮಿ 25 ಡಿಗ್ರಿಯಲ್ಲಿ, ಪೂರ್ತಿ ತೇವವಾಗಿ ಇರುತ್ತದೆ. ಅದರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. ಹೋಗಿ ಬರುವ ದಾರಿಯಾದ್ದರಿಂದ ಅರ್ಧ ಮಾಡಿ ಅಡಿಗೆ ತಿರುಗಿಸಿದರೆ, ಒಂದು ಸೆಕೆಂಡು ಅಂದರೆ 570 ಅಡಿ. ಮಾರ್ದನಿ 0.84 ಸೆಕೆಂಡಿಗೆ ಬಂತೇ? 479 ಅಡಿ. ಉಷ್ಣಾಂಶದ ಅಂದಾಜು ಒಂದು ಡಿಗ್ರಿ ತಪ್ಪಿದರೂ 500 ಅಡಿಗೆ ಒಂದು ಅಡಿಯೂ ವ್ಯತ್ಯಾಸ ಬರುವುದಿಲ್ಲ.

ಅಷ್ಟು ಆಳಕ್ಕೆ ಹೋದ ಸದ್ದು ವಾಪಸ್ ಬರುತ್ತದೆಯೇ ಎಂಬ ಅನುಮಾನಕ್ಕೆ 1808ರಲ್ಲೇ ಪ್ಯಾರಿಸ್‌ನಲ್ಲಿ ಉತ್ತರ ಸಿಕ್ಕಿತ್ತು. ನೀರು ಸರಬರಾಜಿಗೆ ಹಾಕಿದ್ದ 951 ಮೀಟರ್ ಉದ್ದದ ಎರಕದ ಕಬ್ಬಿಣದ ಪೈಪಿನ ಒಂದು ತುದಿಯಲ್ಲಿ ಮೆಲ್ಲಗೆ ಆಡಿದ ಮಾತು ಇನ್ನೊಂದು ತುದಿಯಲ್ಲಿ ಕೇಳುತ್ತದೆಂದು ಬಿಯೋ ಎಂಬ ವಿಜ್ಞಾನಿ ತೋರಿಸಿದ. ಬಯಲಲ್ಲಿ ಸದ್ದು ಸುತ್ತಲೂ ಹರಡಿ ಸೊರಗುತ್ತದೆ. ಕೊಳವೆಯಲ್ಲಿ ಹರಡಲು ಜಾಗವೇ ಇಲ್ಲ. ಹೊಲಕ್ಕೆ ಬಿಟ್ಟ ನೀರು ಹತ್ತು ಮಾರಿಗೆ ಇಂಗುತ್ತದೆ, ಅದೇ ನೀರು ಪೈಪಿನಲ್ಲಿ ಮೈಲಿ ದಾಟುತ್ತದೆ, ಇದೂ ಹಾಗೇ.

ಆದರೆ ಎಲ್ಲ ಸದ್ದೂ ಒಂದೇ ಅಲ್ಲ, ಬಹಳ ಜನ ಎಡವುವುದು ಇಲ್ಲೇ. ಚಪ್ಪಾಳೆ ತಟ್ಟುತ್ತಾರೆ, ಸೀಟಿ ಊದುತ್ತಾರೆ, ಏನೂ ಕೇಳಲಿಲ್ಲವೆಂದು ಬಿಡುತ್ತಾರೆ. ಪಕ್ಕದೂರಿನ ಜಾತ್ರೆಯನ್ನು ನೆನೆಯಿರಿ: ಇಲ್ಲಿಗೆ ಬರುವುದು ಡೊಳ್ಳಿನ ಧಿಂ ಮಾತ್ರ, ತಾಳದ ಕಿಣಿಕಿಣಿ ಅಲ್ಲಿಯೇ ಉಳಿಯುತ್ತದೆ. ಮದುವೆ ಮನೆಯ ಸ್ಪೀಕರಿನಿಂದ ಗೋಡೆ ದಾಟಿ ಬರುವುದೂ ಗುಂಯ್‌ಗುಡುವ ಭಾಗವೇ. ಕೊಳವೆಯಲ್ಲಿ ಇದಕ್ಕೆ ಖಚಿತ ಲೆಕ್ಕ ಇದೆ. ಗೋಡೆಗೆ ಉಜ್ಜಿ ಸದ್ದು ಅಡಿ ಅಡಿಗೂ ಸೊರಗುವ ಪ್ರಮಾಣ ಕಂಪನಾಂಕದ ವರ್ಗಮೂಲದಂತೆ ಏರುತ್ತದೆ. ಆರೂವರೆ ಇಂಚಿನ ನುಣುಪು ಕೊಳವೆಯಲ್ಲಿ 1000 ಅಡಿ ಇಳಿದು ವಾಪಸ್ ಬರುವಷ್ಟರಲ್ಲಿ ಸೆಕೆಂಡಿಗೆ ನೂರು ಸಲ ಕಂಪಿಸುವ, ಅಂದರೆ 100 ಹರ್ಟ್ಸ್‌ನ ಸದ್ದು ಒಂಬತ್ತರಲ್ಲೊಂದು ಪಾಲಾಗಿ ಉಳಿಯುತ್ತದೆ; 1000 ಹರ್ಟ್ಸ್‌ನದು ಸಾವಿರದಲ್ಲೊಂದು ಪಾಲು. ಬರೀ ಬಂಡೆಯ ಒರಟು ಗೋಡೆಯಲ್ಲಿ ಇನ್ನೂ ಕಡಿಮೆ. ಸಾಲದ್ದಕ್ಕೆ, ಈ ಅಗಲದ ಕೊಳವೆಯಲ್ಲಿ ಸುಮಾರು 1200 ಹರ್ಟ್ಸ್‌ನ ಮೇಲಿನ ಸದ್ದು ನೆಟ್ಟಗೆ ಇಳಿಯದೆ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಹೋಗುತ್ತದೆ, ಮಾರ್ದನಿ ಕಲಸಿಹೋಗುತ್ತದೆ. ಆದ್ದರಿಂದ ಬೇಕಿರುವುದು ‘ಟಪ್’ ಅಲ್ಲ, ‘ಧಬ್’.

ಈ ಧಬ್ ಎನ್ನಿಸುವ ಸಾಧನ ಹೀಗೆ. 4 ಇಂಚಿನಿಂದ 2 ಇಂಚಿಗೆ ಇಳಿಯುವ ಪಿವಿಸಿ ರೆಡ್ಯೂಸರ್ ಒಂದು, 2 ಇಂಚಿನ ಪೈಪು ಒಂದಡಿ. ರೆಡ್ಯೂಸರಿನ ಅಗಲ ಬಾಯಿಗೆ ಸ್ಕೂಟರ್ ಟ್ಯೂಬಿನ ರಬ್ಬರು ಬಿಗಿಯಾಗಿ ಎಳೆದು ಕ್ಲಾಂಪ್ ಹಾಕಿ, ತಮಟೆಗೆ ಚರ್ಮ ಬಿಗಿದಂತೆ. ಪೈಪಿನ ನಡುವೆ 10 ಮಿಲಿಮೀಟರ್ ತೂತು ಕೊರೆದು ಇಯರ್‌ಫೋನಿನ ಮೈಕನ್ನು ಒಳಮುಖವಾಗಿ ಕೂರಿಸಿ ಎಂ-ಸೀಲ್ ಮೆತ್ತಿ. ಬೋರ್ ಕ್ಯಾಪಿನಲ್ಲಿ ಕೇಬಲ್ ಇಳಿಯುವ ಕಡೆಯಿಂದ ದೂರಕ್ಕೆ ಈ ಪೈಪು ಹಿಡಿಸುವಷ್ಟು ತೂತು ಮಾಡಿಸಿ ಪೈಪು ಇಳಿಸಿ, ಸಂದಿಗೆ ಹಳೆ ಬಟ್ಟೆ ತುರುಕಿ. ತೂತು ಕೊರೆಯುವಾಗ ಸ್ಟಾರ್ಟರಿನ ಮೇನ್ ಆಫ್ ಆಗಿರಲಿ, ಕಬ್ಬಿಣದ ಪುಡಿ ಒಳಗೆ ಬೀಳದಂತೆ ಗ್ರೀಸ್ ಹಚ್ಚಿ. ರಬ್ಬರಿನ ನಡುಭಾಗ ಹಿಡಿದು ಒಂದಿಂಚು ಮೇಲಕ್ಕೆ ಎಳೆದು ಬಿಡಿ. ಅಷ್ಟೇ.

ರೆಕಾರ್ಡಿಂಗ್ ವಾಟ್ಸಾಪ್ ವಾಯ್ಸ್ ನೋಟಿನಲ್ಲಿ ಬೇಡ. ಗದ್ದಲ ತೆಗೆಯುತ್ತೇನೆಂದು ಹೊರಡುವ ಆ ತಂತ್ರಾಂಶಕ್ಕೆ ನಮ್ಮ ಮಾರ್ದನಿಯೇ ಗದ್ದಲ, ಒರೆಸಿಹಾಕುತ್ತದೆ. ನಾಯ್ಸ್ ರಿಡಕ್ಷನ್ ಆಫ್ ಮಾಡಿ ವೇವ್ ಫೈಲಾಗಿ ಉಳಿಸುವ ಆ್ಯಪ್ ಬಳಸಿ, ಕಂಪ್ಯೂಟರಿನಲ್ಲಿ ಸದ್ದನ್ನು ಗೆರೆಯಾಗಿ ತೋರಿಸುವ ಆಡಾಸಿಟಿ ತಂತ್ರಾಂಶ ತೆರೆದು ನೋಡಿ. ಮೊದಲ ದೊಡ್ಡ ಉಬ್ಬು ನೀವು ಮಾಡಿದ ಸದ್ದು. ಅದರ ಬುಡದಿಂದ ಆಮೇಲಿನ ಗುಡ್ಡದ ಬುಡದವರೆಗಿನ ಸಮಯ ಓದಿ. ಅದರ ಎರಡರಷ್ಟು ಸಮಯಕ್ಕೆ ಇನ್ನೊಂದು ಸಣ್ಣ ಗುಡ್ಡ ಕಂಡರೆ ಮೊದಲನೆಯದು ಖಾತರಿ: ಮೇಲೆ ಬಂದ ಸದ್ದು ಕ್ಯಾಪಿಗೆ ಬಡಿದು ಮತ್ತೊಮ್ಮೆ ನೀರಿಗೆ ಹೋಗಿ ಬಂದಿದೆ. ಕಂಪ್ಯೂಟರಿನ ಗೊಡವೆ ಬೇಡವೆಂದರೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆ್ಯಪಿನಲ್ಲಿ ಸದ್ದಿನಿಂದಲೇ ಓಡಿ ನಿಲ್ಲುವ ಗಡಿಯಾರ ಇದೆ, ಉಚಿತ. ಆದರೆ ಅದು ಯಾವ ಗುಡ್ಡಕ್ಕೆ ನಿಂತಿತು ಎಂದು ಕಣ್ಣಿಗೆ ಕಾಣುವುದಿಲ್ಲ.

ಸುಳ್ಳು ಗುಡ್ಡಗಳೂ ಇರುತ್ತವೆ. ಬೋರಿನ ಮೇಲ್ಭಾಗದ ಮಣ್ಣು ಕುಸಿಯದಂತೆ ಇಳಿಸಿದ ಪೈಪು, ಅಂದರೆ ಕೇಸಿಂಗ್, ಮುಗಿದು ಬಂಡೆ ಶುರುವಾಗುವಲ್ಲಿ ಅಗಲ ಬದಲಾಗುವುದರಿಂದ ಒಂದು ಸಣ್ಣ ಮಾರ್ದನಿ ಏಳುತ್ತದೆ. ಮೋಟಾರು ಇಳಿಬಿಟ್ಟ ಕಾಲಂ ಪೈಪು ಜಿಐ ಕಬ್ಬಿಣದ್ದಾದರೆ 20 ಅಡಿಗೊಂದು ಕಪ್ಲಿಂಗು (ಜೋಡಣೆ), ಅಂದರೆ 0.035 ಸೆಕೆಂಡಿಗೊಂದು ಸಣ್ಣ ಗೀರು. ಅಮೆರಿಕದ ತೈಲ ಬಾವಿಗಳಲ್ಲಿ 1930ರ ದಶಕದಿಂದಲೇ ಇಂಥ ಗೀರುಗಳನ್ನು ಎಣಿಸಿ ಆಳ ಹೇಳುತ್ತಿದ್ದರು. ಶಬ್ದದ ವೇಗ ತಿಳಿಯುವ ಅಗತ್ಯವೂ ಇರಲಿಲ್ಲ. ಯಾವುದು ನೀರು ಎಂದು ತಿಳಿಯದಿದ್ದರೆ ಹತ್ತು ನಿಮಿಷ ಮೋಟಾರು ಓಡಿಸಿ ನಿಲ್ಲಿಸಿ, ಆಗಲೇ ಮತ್ತೆ ಅಳೆಯಿರಿ. ಜಾಗ ಬದಲಿಸಿದ ಗುಡ್ಡವೇ ನೀರು. ಕೇಸಿಂಗೂ ಕಪ್ಲಿಂಗೂ ಕದಲುವುದಿಲ್ಲ.

ಕಲ್ಲು ಹಾಕಿ ಸದ್ದು ಎಣಿಸುವ ಅಭ್ಯಾಸವನ್ನು ಮಾತ್ರ ದಯವಿಟ್ಟು ಬಿಡಿ. ಮೋಟಾರಿಗೂ ಬಂಡೆಗೂ ನಡುವಿನ ಸಂದಿಯಲ್ಲಿ ಒಂದು ಜಲ್ಲಿ ಸಿಕ್ಕಿಕೊಂಡರೆ ಮೋಟಾರು ಎತ್ತುವ ದಿನ ಅದು ಮೇಲೆ ಬರುವುದಿಲ್ಲ.

ಇದನ್ನೇ ಕಾಯಂ ಮಾಡಬೇಕೆಂದರೆ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡು, ಐಎನ್‌ಎಂಪಿ441 ಮೈಕು, ಮ್ಯಾಕ್ಸ್98357ಎ ಆಂಪ್ಲಿಫಯರ್, 4 ಇಂಚಿನ ಸ್ಪೀಕರ್ ಬೇಕು. ಎಲ್ಲವೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. ಇಲ್ಲಿ ಧಬ್ ಬೇಡ. 100ರಿಂದ 600 ಹರ್ಟ್ಸ್‌ಗೆ ಏರುವ ಅರ್ಧ ಸೆಕೆಂಡಿನ ಕೂಗು ಕಳಿಸಿ, ವಾಪಸ್ ಬಂದ ರೆಕಾರ್ಡಿಂಗಿನ ಮೇಲೆ ಅದೇ ಕೂಗನ್ನು ಸರಿಸುತ್ತಾ ಎಲ್ಲಿ ಹೊಂದುತ್ತದೆಂದು ನೋಡಬೇಕು. ಆವನಿ ಜಾತ್ರೆಯ ದನಗಳ ಗದ್ದಲದಲ್ಲೂ ಹಸು ತನ್ನ ಕರುವಿನ ಕೂಗು ಹಿಡಿಯುವಂತೆ, ಗದ್ದಲಕ್ಕಿಂತ ಸಣ್ಣದಾದ ಮಾರ್ದನಿಯೂ ಇದಕ್ಕೆ ಸಿಗುತ್ತದೆ. ಕೆಡುವುದು ಎರಡು ಕಾರಣಕ್ಕೆ. ಬೋರಿನ ತೇವ ಮೈಕಿನ ತೂತಿನಲ್ಲಿ ಹನಿಗಟ್ಟುತ್ತದೆ, ಅದಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಸ್ಟಾರ್ಟರಿನ ಕಾಂಟ್ಯಾಕ್ಟರ್ ಬಡಿದಾಗಲೆಲ್ಲ ಬೋರ್ಡು ರೀಸೆಟ್ ಆಗುತ್ತದೆ, ಅದಕ್ಕೆ ಆ ಪೆಟ್ಟಿಗೆಯಿಂದ ಕರೆಂಟ್ ತೆಗೆಯದೆ ಬೇರೆ ಬ್ಯಾಟರಿ ಕೊಡಿ.

ಅಳತೆಯನ್ನು ಬೆಳಗ್ಗೆ ಮೋಟಾರು ಹಾಕುವ ಮುಂಚೆ ಒಮ್ಮೆ, ನಿಲ್ಲಿಸಿದ ಕೂಡಲೇ ಒಮ್ಮೆ, ಒಂದು ಗಂಟೆ ಬಿಟ್ಟು ಒಮ್ಮೆ ಬರೆದಿಡಿ. ನಿಲ್ಲಿಸಿದಾಗ ನೀರು ಮೋಟಾರಿನ ಮಟ್ಟಕ್ಕೇ ಇಳಿದು ಗಂಟೆಯಾದರೂ ಏಳದಿದ್ದರೆ ಬೋರ್ ನಿಜಕ್ಕೂ ಸೋತಿದೆ. ಇನ್ನೆರಡು ಪೈಪು ಇಳಿಸಬೇಕೋ, ಓಡಿಸುವ ಹೊತ್ತು ಇಳಿಸಬೇಕೋ ಆಗ ಯೋಚಿಸಬಹುದು. ಮಟ್ಟ ಮೋಟಾರಿಗಿಂತ ನೂರಡಿ ಮೇಲೇ ಇದ್ದು ತೊಟ್ಟಿಗೆ ಮಾತ್ರ ನೀರು ಸಣ್ಣಗೆ ಬೀಳುತ್ತಿದ್ದರೆ ತಪ್ಪು ನೆಲದ್ದಲ್ಲ. ಮೋಟಾರು ಓಡುತ್ತಿರುವಾಗ ಕ್ಯಾಪಿನ ತೂತಿಗೆ ಕಿವಿಯಿಟ್ಟು ಕೇಳಿ. ಒಳಗೆ ಮಳೆ ಸುರಿದಂತೆ ಸದ್ದಿದ್ದು, ಮೋಟಾರು ನಿಂತ ಮೇಲೆ ಅದೂ ನಿಂತರೆ ಕಾಲಂ ಪೈಪು ತೂತಾಗಿದೆ. ನಿಂತ ಮೇಲೂ ಸುರಿಯುತ್ತಿದ್ದರೆ ಅದು ಬಂಡೆಯ ಬಿರುಕಿನಿಂದ ಬೀಳುವ ಊಟೆ. ಸದ್ದೇ ಇಲ್ಲದಿದ್ದರೆ ಪಂಪಿನ ಇಂಪೆಲ್ಲರ್ ಸವೆದಿರಬಹುದು. ಕೇಳಿದ ಮೇಲೆ ತೂತಿಗೆ ಬಿರಡೆ ಹಾಕಿ, ಕ್ಯಾಪಿನ ಬೋಲ್ಟು ಬಿಗಿ ಮಾಡಿ.