ಕಂಪನಿ ಮುಳುಗಿತಾ, ಮುಚ್ಚಿತಾ, ದಿವಾಳಿ ಎದ್ದಿತಾ?

ಸುದ್ದಿ ಏಜೆನ್ಸಿಗಳ ಇಂಗ್ಲಿಷ್ ಕಾಪಿಯನ್ನು, ಅಂದರೆ ಅವು ಕಳಿಸುವ ಸುದ್ದಿಬರಹವನ್ನು ಕನ್ನಡಕ್ಕೆ ತರುವುದು, ಬೇರೆಯವರು ತಂದದ್ದನ್ನು ತಿದ್ದುವುದು ನನ್ನ ಕೆಲಸ. ಹೊಸದಾಗಿ ಡೆಸ್ಕಿಗೆ ಬಂದವರ ಕಾಪಿಯಲ್ಲಿ ಒಂದು ಪದ ಜಾಸ್ತಿ ಸಿಗುತ್ತದೆ: 'ವಿಫಲ'. ಬ್ಯಾಂಕ್ ಬಿದ್ದರೂ ವಿಫಲ, ಸಿನಿಮಾ ಬಿದ್ದರೂ ವಿಫಲ, ಮಾತುಕತೆ ಬಿದ್ದರೂ ವಿಫಲ. ಇಂಗ್ಲಿಷ್‌ನವರು ಒಂದೊಂದಕ್ಕೂ ಬೇರೆ ಕ್ರಿಯಾಪದ ಇಟ್ಟುಕೊಂಡಿದ್ದಾರೆ. ನಮ್ಮಲ್ಲೇನು ಕಮ್ಮಿಯೇ? ಮಳೆ ಕೈಕೊಡುತ್ತದೆ, ಸಿನಿಮಾ ಮಕಾಡೆ ಮಲಗುತ್ತದೆ, ಯೋಜನೆ ಹಳ್ಳ ಹಿಡಿಯುತ್ತದೆ, ಸಂಬಂಧ ಮುರಿದು ಬೀಳುತ್ತದೆ. ಮನೆಯಲ್ಲಿ ಹೀಗೇ ಮಾತಾಡುವವರು ಕೀಬೋರ್ಡ್ ಮುಂದೆ ಕೂತ ಕೂಡಲೇ ಇವನ್ನೆಲ್ಲ ಮರೆಯುತ್ತಾರೆ.

ಹೊಸಬರಿಗೆ ಹೇಳಿಕೊಡುವಾಗ ನಾನು ಜೆಟ್ ಏರ್‌ವೇಸ್ ಕಥೆ ತೆಗೆದುಕೊಳ್ಳುತ್ತೇನೆ. ಒಂದೇ ಕಂಪನಿಯ ಕಥೆಯಲ್ಲಿ ಬೀಳುವ ಬಗೆಗಳು ಎಷ್ಟೊಂದು ಸಿಗುತ್ತವೆ. 2018ರ ಡಿಸೆಂಬರ್ ಕೊನೆಗೆ ಬ್ಯಾಂಕ್ ಸಾಲದ ಕಂತು ಕಟ್ಟಲಿಲ್ಲ. ಆಗ ಅದು 'ಫ್ಲೌಂಡರ್' ಆಗುತ್ತಿತ್ತು, ಅಂದರೆ ಕೈಕಾಲು ಬಡಿಯುತ್ತಿತ್ತು. ಇದಕ್ಕೂ 'ಫೌಂಡರ್' ಎಂಬ ಕ್ರಿಯಾಪದಕ್ಕೂ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಫೌಂಡರ್ ಆದರೆ ಮುಳುಗಿಯೇ ಹೋಯಿತು ಎಂದರ್ಥ. ಕಣ್ಣು ತಪ್ಪಿದರೆ ಒದ್ದಾಡುತ್ತಿರುವ ಕಂಪನಿಯನ್ನು ನಾವೇ ಮುಳುಗಿಸಿಬಿಡುತ್ತೇವೆ.

ಆಮೇಲೆ ತುರ್ತು ಹಣ ಕೊಡಲು ಬ್ಯಾಂಕುಗಳು ಒಪ್ಪಲಿಲ್ಲ. 'ಫೆಲ್ ಥ್ರೂ' ಅನ್ನುವುದು ಇಂಥ ಕಡೆ: ಕುದುರಬೇಕಿದ್ದ ವ್ಯವಹಾರ ಕುದುರಲಿಲ್ಲ. ಕುದುರಿದ್ದು ಆಮೇಲೆ ಕೆಟ್ಟರೆ ಅದು 'ಫೆಲ್ ಅಪಾರ್ಟ್', ಮುರಿದು ಬಿತ್ತು. 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಕೊನೆಯ ವಿಮಾನ ಹಾರಿತು, ಜೆಟ್ 'ಗ್ರೌಂಡೆಡ್' ಆಯಿತು. ಇದನ್ನು 'ನೆಲಕಚ್ಚಿತು' ಎಂದು ಬರೆದರೆ ವಿಮಾನ ಎಲ್ಲೋ ಅಪ್ಪಳಿಸಿತು ಅಂತ ಓದುಗರು ಗಾಬರಿಯಾಗುತ್ತಾರೆ. 'ಹಾರಾಟ ನಿಲ್ಲಿಸಿತು' ಅಂದರೆ ಸಾಕು.

ಅಸಲಿ ಗೊಂದಲ ಮುಂದಿನದು. 2019ರ ಜೂನ್‌ನಲ್ಲಿ ಪ್ರಕರಣ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋದಾಗ 'ಜೆಟ್ ದಿವಾಳಿ' ಎಂದು ಬರೆದುಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಚಿಕ್ಕದು, ಹೆಡ್‌ಲೈನಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ 2016ರ ಇನ್ಸಾಲ್ವೆನ್ಸಿ ಮತ್ತು ಬ್ಯಾಂಕ್ರಪ್ಸಿ ಕಾಯ್ದೆಯ ಪ್ರಕಾರ ಇನ್ಸಾಲ್ವೆನ್ಸಿ ಅಂದರೆ ಸಾಲ ತೀರಿಸಲಾಗದ ಸ್ಥಿತಿ. ಅಲ್ಲಿಂದ ಕಂಪನಿಯನ್ನು ಉಳಿಸಿಕೊಳ್ಳುವವರು ಯಾರಾದರೂ ಇದ್ದಾರಾ ಎಂದು ಹುಡುಕುತ್ತಾರೆ. ಯಾರೂ ಗಿಟ್ಟದಿದ್ದರೆ ಲಿಕ್ವಿಡೇಷನ್, ಅಂದರೆ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವುದು. ಜೆಟ್‌ಗೆ 2020ರಲ್ಲಿ ಕೊಳ್ಳುವವರು ಸಿಕ್ಕರು, 2021ರಲ್ಲಿ ಅವರ ಯೋಜನೆಗೆ ನ್ಯಾಯಮಂಡಳಿಯ ಒಪ್ಪಿಗೆಯೂ ಸಿಕ್ಕಿತು. ಪ್ರಯಾಣಿಕರ ಸೇವೆ ಮಾತ್ರ ಮತ್ತೆ ಶುರುವಾಗಲಿಲ್ಲ. ಲಿಕ್ವಿಡೇಷನ್‌ಗೆ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದ್ದು 2024ರ ನವೆಂಬರ್ 7ಕ್ಕೆ. 'ಕಥೆ ಮುಗಿಯಿತು' ಅನ್ನಬಹುದಾಗಿದ್ದು ಅವತ್ತು, ಐದು ವರ್ಷ ಮೊದಲಲ್ಲ.

ಅಮೆರಿಕದ ಸುದ್ದಿಯಲ್ಲಂತೂ ಇನ್ನೂ ಹುಷಾರಾಗಿರಬೇಕು. ಅಮೆರಿಕನ್ ಏರ್‌ಲೈನ್ಸ್ 2011ರ ನವೆಂಬರ್‌ನಲ್ಲಿ ಬ್ಯಾಂಕ್ರಪ್ಸಿ ಅರ್ಜಿ ಹಾಕಿತು. ವಿಮಾನಗಳು ಹಾರುತ್ತಲೇ ಇದ್ದವು, ಇವತ್ತೂ ಹಾರುತ್ತಿವೆ. ಅಲ್ಲಿ ಅದು ಸಾಲದ ಲೆಕ್ಕ ಸರಿಮಾಡಿಕೊಳ್ಳಲು ಕೋರ್ಟಿನ ರಕ್ಷಣೆ ಕೇಳುವ ದಾರಿಯೂ ಹೌದು. 'ಗೋ ಅಂಡರ್', 'ಗೋ ಬಸ್ಟ್', 'ಬೆಲ್ಲಿ ಅಪ್' ಎಂದು ಕಾಪಿಯಲ್ಲಿದ್ದರೆ ಧೈರ್ಯವಾಗಿ ಮುಳುಗಿಸಿ, ಪಾಪರ್ ಮಾಡಿ. 'ಫೋಲ್ಡ್' ಎಂದಿದ್ದರೆ 'ಬಾಗಿಲು ಹಾಕಿತು' ಚೆನ್ನಾಗಿ ಒಪ್ಪುತ್ತದೆ.

ಕಟ್ಟಡ, ಸೇತುವೆಗಳ ಸುದ್ದಿಯಲ್ಲಿ ಎಲ್ಲಕ್ಕೂ 'ಕುಸಿತ' ಎಂದು ಬರೆಯುತ್ತೇವೆ. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ಆದದ್ದನ್ನೇ ನೋಡಿ. 'ಡಾಲಿ' ಎಂಬ ಸರಕು ಹಡಗಿನಲ್ಲಿ ಕರೆಂಟ್ ಕೈಕೊಟ್ಟಿತು. ಅದು ತೇಲಿಕೊಂಡು ಹೋಗಿ ಸೇತುವೆಯ ಕಂಬಕ್ಕೆ ಗುದ್ದಿತು. ಕಂಬ ತಡೆಯಲಿಲ್ಲ, ಸೇತುವೆ ಕುಸಿದು ನದಿಗೆ ಬಿತ್ತು. ಮೇಲೆ ರಸ್ತೆಗುಂಡಿ ಮುಚ್ಚುತ್ತಿದ್ದ ಆರು ಕಾರ್ಮಿಕರು ಸತ್ತರು. ಫೇಲ್, ಗಿವ್ ವೇ, ಕೊಲ್ಯಾಪ್ಸ್ ಎಂಬ ಮೂರು ಪದ ಇಲ್ಲಿ ಮೂರು ಹಂತ ಹೇಳುತ್ತವೆ. ಮೂರನ್ನೂ 'ಕುಸಿತ' ಮಾಡಿದರೆ ಯಾವುದರಿಂದ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ. ಎಂಜಿನಿಯರುಗಳ 'ಫೇಲ್ಯೂರ್' ಇನ್ನೂ ಬೇರೆ. ತೊಲೆ ಬೀಳಬೇಕಾಗಿಲ್ಲ, ಹೊರಬೇಕಾದ ಭಾರ ಹೊರದಿದ್ದರೂ ಅದು ಫೇಲ್ಯೂರೇ.

ಮನುಷ್ಯರು 'ಕೊಲ್ಯಾಪ್ಸ್' ಆದರು ಅಂದರೆ ಕುಸಿದು ಬಿದ್ದರು ಅಂತಷ್ಟೇ. ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್‌ನಲ್ಲಿ ಪಂದ್ಯದ ನಡುವೆ ಹಾಗೆ ಬಿದ್ದರು. ಮುಂದಿನ ವರ್ಷ ಮತ್ತೆ ಆಡಿದರು. ಇಂಥ ಸುದ್ದಿಯಲ್ಲಿ ಅವಸರಪಟ್ಟು 'ಸಾವು' ಎಂದು ಸೇರಿಸಿದರೆ ಆಮೇಲೆ ಕ್ಷಮೆ ಕೇಳಲೂ ಮುಖ ಇರುವುದಿಲ್ಲ.

ಕ್ರಿಕೆಟ್‌ನಲ್ಲಿ ಈ ತಾಪತ್ರಯ ಕಮ್ಮಿ. 2017ರ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ 49ಕ್ಕೆ ಆಲೌಟ್ ಆಯಿತಲ್ಲ, 132 ಬೆನ್ನಟ್ಟಲು ಹೋಗಿ? ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಅದು ಕೊಲ್ಯಾಪ್ಸ್, 'ತರಗೆಲೆಯಂತೆ ಉದುರಿದರು' ಎಂದು ನಮ್ಮ ಸ್ಪೋರ್ಟ್ಸ್ ಪುಟದವರು ಕಣ್ಣುಮುಚ್ಚಿ ಬರೆಯುತ್ತಾರೆ. 'ಚೋಕ್' ಬೇರೆ. ಗೆಲ್ಲುವ ಪಂದ್ಯವನ್ನು ಒತ್ತಡಕ್ಕೆ ಸಿಕ್ಕಿ ಕೈಚೆಲ್ಲುವುದು ಅದು.

ಉಳಿದವು ಸುಲಭ. 'ಬ್ಯಾಕ್‌ಫೈರ್' ಅಂದರೆ ತಿರುಗುಬಾಣ. 'ಡ್ಯಾಂಪ್ ಸ್ಕ್ವಿಬ್' ನಮ್ಮ ಠುಸ್ ಪಟಾಕಿಯೇ, ಒಂದು ಚೂರೂ ಆಚೀಚೆ ಇಲ್ಲ. ಯಾಮಾರಿಸುವುದು 'ಬಾಂಬ್'. ಅಮೆರಿಕದ ಕಾಪಿಯಲ್ಲಿ ನಾಟಕ 'ಬಾಂಬ್' ಆಯಿತು ಅಂದರೆ ತೋಪಾಯಿತು. ಬ್ರಿಟನ್ನಿನ ಕಾಪಿಯಲ್ಲಿ 'ವೆಂಟ್ ಡೌನ್ ಎ ಬಾಂಬ್' ಅಂದರೆ ಜನ ಮೆಚ್ಚಿ ಚಪ್ಪಾಳೆ ಹೊಡೆದರು ಅಂತ. ಹಾಗಾಗಿ ಹೆಡ್‌ಲೈನ್ ಕೊಡುವ ಮೊದಲು ಕಾಪಿ ಲಂಡನ್ನಿನದಾ, ನ್ಯೂಯಾರ್ಕಿನದಾ ಅಂತ ಡೇಟ್‌ಲೈನ್, ಅಂದರೆ ಸುದ್ದಿಯ ಮೊದಲಿಗಿರುವ ಊರು-ತಾರೀಖಿನ ಸಾಲು ನೋಡಿಕೊಳ್ಳಿ.