ಹೊಡೆಯೋ ಔಷಧಿ, ನುಂಗೋ ಔಷಧಿ

ನಮ್ಮ ದಾವಣಗೆರೆ ಕಡೆ ಯಾರಾದ್ರೂ ಫೋನ್ ಮಾಡಿ "ಅವ್ನು ಔಷಧಿ ಕುಡಿದಾನಂತೆ" ಅಂದ್ರೆ ಎದೆ ಧಸಕ್ ಅನ್ನುತ್ತೆ. ಕೆಮ್ಮಿಗೆ ಸಿರಪ್ ಕುಡಿದಿರಬೇಕು ಅಂತ ಯಾರೂ ಅಂದ್ಕೊಳಲ್ಲ. ಹೊಲಕ್ಕೆ ಹೊಡೆಯೋದೂ ಔಷಧಿನೇ, ಬಿ.ಪಿ.ಗೆ ನುಂಗೋದೂ ಔಷಧಿನೇ, ಒಂದು ಗೊಬ್ಬರದ ಅಂಗಡೀಲಿ ಸಿಗುತ್ತೆ ಇನ್ನೊಂದು ಮೆಡಿಕಲ್ ಶಾಪಲ್ಲಿ ಸಿಗುತ್ತೆ ಅಷ್ಟೇ. ಹಳೇ ಗ್ರೀಕರದ್ದೂ ಇದೇ ಕಥೆ, ಅವರ ಫಾರ್ಮಕಾನ್ ಅನ್ನೋ ಪದಕ್ಕೆ ಮದ್ದು ಅಂತಾನೂ ಅರ್ಥ, ವಿಷ ಅಂತಾನೂ ಅರ್ಥ, ಫಾರ್ಮಕಾಲಜಿ ಅನ್ನೋ ಹೆಸರು ಬಂದಿದ್ದೇ ಅದರಿಂದ. ಇದನ್ನ ನಂಗೆ ಹೇಳಿದ್ದು ನಮ್ಮ ಏರಿಯಾದಲ್ಲೇ ಇರೋ ಒಬ್ಬ ರಿಟೈರ್ಡ್ ಫಾರ್ಮಕಾಲಜಿ ಪ್ರೊಫೆಸರ್ರು. ಹೆಸರು ಹಾಕ್ಬೇಡಪ್ಪಾ ಅಂದಿದಾರೆ, ಹಂಗಾಗಿ ಇಲ್ಲಿ ಅವರು ಬರೀ ಸರ್.

ಪರಿಚಯ ಆಗಿದ್ದು ಹೆಂಗೆ ಅಂದ್ರೆ, ನಾನು ಬಿ.ಫಾರ್ಮ ಮುಗಿಸಿ ಮೆಡಿಕಲ್ ಶಾಪ್ ಹಾಕಿದ ಹೊಸತು. ಮಳೆಗಾಲ, ಸುತ್ತಮುತ್ತಲ ಹಳ್ಳಿಗಳಲ್ಲಿ ಔಷಧಿ ಹೊಡೆಯೋ ಸೀಸನ್ನು. ಸಂಜೆ ಹೊತ್ತಲ್ಲಿ ಒಬ್ಬ ಹುಡುಗ ಓಡಿ ಬಂದು "ಅಣ್ಣಾ, ಅಪ್ಪಗೆ ಸಿಕ್ಕಾಪಟ್ಟೆ ವಾಂತಿ, ವಾಂತಿ ಮಾತ್ರೆ ಕೊಡು" ಅಂದ. ನಾನು ಆಗಲೇ ಸ್ಟ್ರಿಪ್ ಕತ್ತರಿಸ್ತಾ ಇದ್ದೆ. ಪಕ್ಕದಲ್ಲಿ ತಮ್ಮ ಶುಗರ್ ಮಾತ್ರೆ ತಗೊಳೋಕೆ ನಿಂತಿದ್ದ ಒಬ್ಬರು "ನಿಮ್ಮಪ್ಪ ಹೊಲದಿಂದ ಬಂದ್ರೇನೋ?" ಅಂದ್ರು. "ಹ್ಞೂ ಸರ್, ಔಷಧಿ ಹೊಡೆದು ಬಂದಾರೆ, ಹೊರಗೆ ಗಾಡಿ ಮೇಲೆ ಕುಂತಾರೆ." ಅವರು ಹೊರಗೆ ಹೋಗಿ ಮೊಬೈಲ್ ಟಾರ್ಚ್ ಹಾಕಿ ಕಣ್ಣು ನೋಡಿದ್ರು, ನನ್ನನ್ನೂ ಕರೆದು ತೋರಿಸಿದ್ರು. ಕತ್ತಲಾಗ್ತಿದ್ರೂ ಕಣ್ಣಿನ ಪಾಪೆ ಸಾಸಿವೆ ಕಾಳಷ್ಟು ಆಗಿತ್ತು. ಬಾಯಲ್ಲಿ ಜೊಲ್ಲು, ಶರ್ಟೆಲ್ಲಾ ಬೆವರಲ್ಲಿ ತೊಯ್ದು ತೊಪ್ಪೆ, ತೋಳಿನ ಚರ್ಮದ ಕೆಳಗೆ ಹುಳ ಹರಿದಾಡಿದಂಗೆ ಮಾಂಸ ಪಟಪಟ ಅದುರ್ತಾ ಇತ್ತು. ಶರ್ಟ್ ಬಿಚ್ಚಿಸಿ, ನನ್ನ ಅಂಗಡಿ ಸೋಪಲ್ಲೇ ಮೈ ತೊಳೆಸಿ, ಔಷಧಿ ಡಬ್ಬಿ ಜೊತೆಗೆ ಇಟ್ಕೊಳಿ ಅಂತ ಹೇಳಿ ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿದ್ರು. ನಾನು ವಾಂತಿ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದಿದ್ರೆ ಏನಾಗ್ತಿತ್ತು ಅಂತ ಈಗಲೂ ರಾತ್ರಿ ಒಮ್ಮೊಮ್ಮೆ ನೆನಪಾಗುತ್ತೆ.

ತಮಾಷೆ ಅಂದ್ರೆ ಈ ಸರ್ ಪೇಶೆಂಟ್ ನೋಡೋ ಡಾಕ್ಟ್ರೇ ಅಲ್ಲ. ಜಗಳೂರು ಕಡೆ ಹಳ್ಳಿಯವರು, ಎಂ.ಬಿ.ಬಿ.ಎಸ್. ಆಯ್ತು, ಆಮೇಲೆ ಮೂರು ವರ್ಷ ಎಂ.ಡಿ. ಫಾರ್ಮಕಾಲಜಿ, ಆಮೇಲೆ ಪಾಠ ಮಾಡ್ತಾ ಮಾಡ್ತಾ ಅಸಿಸ್ಟೆಂಟು, ಅಸೋಸಿಯೇಟು, ಕೊನೆಗೆ ಪ್ರೊಫೆಸರ್. ಮೆಡಿಕಲ್ ಕಾಲೇಜಲ್ಲಿ ಸೆಕೆಂಡ್ ಇಯರ್ ಹುಡುಗರಿಗೆ ಯಾವ ಮಾತ್ರೆ ಮೈಯೊಳಗೆ ಹೋಗಿ ಏನು ಮಾಡುತ್ತೆ ಅಂತ ಹೇಳಿಕೊಡೋ ಡಿಪಾರ್ಟ್‌ಮೆಂಟು. ಪಿ.ಜಿ. ಸೀಟ್ ಹಂಚೋವಾಗ ಮೆಡಿಸಿನ್ನು ಸರ್ಜರಿ ಎಲ್ಲಾ ಖಾಲಿ ಆದಮೇಲೆ ಇದನ್ನ ತಗೊಳೋರೇ ಜಾಸ್ತಿ ಅಂತ ಅವರೇ ನಗ್ತಾರೆ. ಅವರ ತಾಯಿ ಊರಲ್ಲಿ "ನನ್ ಮಗ ಡಾಕ್ಟ್ರೇ, ಆದ್ರೆ ಸೂಜಿ ಚುಚ್ಚಲ್ಲ" ಅಂತಿದ್ರಂತೆ.

ಅವರ ಇಡೀ ಕೆರಿಯರ್ ಶುರು ಆಗಿದ್ದು ಒಂದು ಕಪ್ಪೆ ಹೊಟ್ಟೆಯ ಮಾಂಸದ ಪಟ್ಟಿಯಿಂದ. 80ರ ದಶಕದಲ್ಲಿ ಎಲ್ಲಾ ಫಾರ್ಮಕಾಲಜಿ ಲ್ಯಾಬಲ್ಲೂ ಇದೇ ಪ್ರಾಕ್ಟಿಕಲ್ಲು. ಹೊಟ್ಟೆ ಮೇಲಿನ ಉದ್ದುದ್ದ ಸ್ನಾಯು ಕತ್ತರಿಸಿ ತೆಗೆದು, ಉಪ್ಪುನೀರಿನ ಗಾಜಿನ ಕೊಳವೇಲಿ ದಾರ ಕಟ್ಟಿ ನೇತು ಹಾಕೋದು, ಕೆಳಗಿಂದ ಗಾಳಿ ಗುಳುಗುಳು ಬಿಡ್ತಾ ಇದ್ರೆ ಅದು ಗಂಟೆಗಟ್ಟಲೆ ಜೀವಂತ ಇರುತ್ತೆ. ದಾರದ ಇನ್ನೊಂದು ತುದಿಗೆ ಒಂದು ಕಡ್ಡಿ, ಕಡ್ಡಿ ಮುಂದೆ ನಿಧಾನಕ್ಕೆ ತಿರುಗೋ ಡ್ರಮ್ಮು, ಡ್ರಮ್ಮಿನ ಮೇಲೆ ಮಸಿ ಹಿಡಿಸಿದ ಕಾಗದ. ಸ್ನಾಯು ಕುಗ್ಗಿದ್ರೆ ಕಡ್ಡಿ ಮಸಿ ಕೆರೆದು ಬಿಳಿ ಗೆರೆ ಎಳೆಯುತ್ತೆ. ಕೊನೆಗೆ ಆ ಕಾಗದವನ್ನ ಸ್ಪಿರಿಟಲ್ಲಿ ಕರಗಿಸಿದ ಅರಗಿನ ನೀರಲ್ಲಿ ಅದ್ದಿ ಒಣಗಿಸಿದ್ರೆ ಗೆರೆ ಗಟ್ಟಿ ಆಗುತ್ತೆ. ಸರ್ ಹತ್ರ ಅಂಥದ್ದೊಂದು ಕಾಗದ ಇನ್ನೂ ಇದೆ, ಕಂದು ಬಣ್ಣಕ್ಕೆ ತಿರುಗಿದೆ, ಮುಟ್ಟಿದ್ರೆ ಹಪ್ಪಳದಂಗೆ ಮುರಿಯುತ್ತೇನೋ ಅನ್ಸುತ್ತೆ.

ಆ ನೀರಿಗೆ ಅಸಿಟೈಲ್‌ಕೋಲಿನ್ ಅನ್ನೋದನ್ನ ಹಾಕಬೇಕು. ನಮ್ಮ ನರಗಳು ಸ್ನಾಯುಗೆ "ಕುಗ್ಗು" ಅಂತ ಹೇಳೋಕೆ ಬಳಸೋ ಕೆಮಿಕಲ್ ಅದು. ಮೊದಲು 1 ಪಾಲು, ತೊಳೆದು 2, ತೊಳೆದು 4, ಆಮೇಲೆ 8, 16, ಹೀಗೆ ಡಬಲ್ ಮಾಡ್ತಾ ಹೋಗೋದು. ಗೆರೆ ಮೊದಮೊದಲು ಚಿಕ್ಕದು, ನಡುವೆ ಸರಸರ ಏರುತ್ತೆ, ಆಮೇಲೆ ಎಷ್ಟು ಸುರಿದ್ರೂ ಅಷ್ಟೇ. ಯಾಕೆ ಡಬಲ್ ಮಾಡ್ಬೇಕು, ಒಂದೊಂದೇ ಏರಿಸಿದ್ರೆ ಆಗಲ್ವಾ ಅಂತ ನಾನು ಕೇಳಿದ್ದಕ್ಕೆ ಸರ್ ಮಿರ್ಚಿ ಮಂಡಕ್ಕಿ ತಿಂತಾ ಹೇಳಿದ್ರು, "ಒಂದು ಮೆಣಸಿನಕಾಯಿ ತಿಂದೋನಿಗೆ ಎರಡನೇದು ಗೊತ್ತಾಗುತ್ತೆ, ಹನ್ನೆರಡು ತಿಂದೋನಿಗೆ ಹದಿಮೂರನೇದು ಗೊತ್ತಾಗುತ್ತೇನಪ್ಪಾ? ಅವನಿಗೆ ಗೊತ್ತಾಗ್ಬೇಕು ಅಂದ್ರೆ ಇನ್ನೂ ಹನ್ನೆರಡು ಕೊಡ್ಬೇಕು." (ಬೆಣ್ಣೆ ದೋಸೆ ಊರಲ್ಲಿ ಡೋಸ್ ಬಗ್ಗೆ ಪಾಠ ಮಾಡೋರು ಯಾವ ಜೋಕ್ ಹೊಡೀತಾರೆ ಅಂತ ನಿಮಗೇ ಗೊತ್ತು, ಬಿಡಿ.)

ಈಗ ಮಜಾ. ಅದೇ ನೀರಿಗೆ ಮೊದಲು ಫೈಸೋಸ್ಟಿಗ್ಮಿನ್ ಅನ್ನೋ ಔಷಧಿ ಒಂಚೂರು ಹಾಕಿ, ಆಮೇಲೆ ಅದೇ 1 ಪಾಲು ಅಸಿಟೈಲ್‌ಕೋಲಿನ್ ಕೊಟ್ರೆ ಗೆರೆ ಎಂಟು ಪಾಲು ಹಾಕಿದಂಗೆ ಎದ್ದು ನಿಲ್ಲುತ್ತೆ. ಯಾಕಂದ್ರೆ ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದ ತಕ್ಷಣ ಅದನ್ನ ತುಂಡು ಮಾಡೋಕೆ ಅಲ್ಲೇ ಒಂದು ಕಿಣ್ವ ಕೂತಿರುತ್ತೆ, ಕೋಲಿನೆಸ್ಟರೇಸ್ ಅಂತ, ಅದರ ಒಂದೊಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಕತ್ತರಿಸಿ ಹಾಕುತ್ತೆ. ಫೈಸೋಸ್ಟಿಗ್ಮಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತೆ, ಸ್ವಲ್ಪ ಹೊತ್ತಿಗೆ ಬಿಡುತ್ತೆ. ಹೊಲಕ್ಕೆ ಹೊಡೆಯೋ ಆರ್ಗನೋಫಾಸ್ಫೇಟ್ ಔಷಧಿಗಳು, ಅಂದ್ರೆ ಕ್ಲೋರ್‌ಪೈರಿಫಾಸ್ ಥರದವು, ಕಟ್ಟಿಹಾಕ್ತಾವೆ, ಆದ್ರೆ ಬಿಡಲ್ಲ. ಹುಳ ಸಾಯೋದು ಹಂಗೆ. ಅವತ್ತು ಗಾಡಿ ಮೇಲೆ ಕೂತಿದ್ದ ಆ ಯಜಮಾನ್ರ ತೋಳು ಅದುರ್ತಿದ್ದಿದ್ದೂ ಹಂಗೇ. ಸರ್ ಕಣ್ಣಿಗೆ ಅವತ್ತು ಕಂಡಿದ್ದು ಮೂವತ್ತು ವರ್ಷ ಹಿಂದಿನ ಆ ಕಪ್ಪೆ ಪಟ್ಟಿನೇ.

ಇದರ ಚರಿತ್ರೇಲಿ ಒಂದು ವರ್ಷ ಇದೆ, ನಂಗೆ ಅದನ್ನ ಕೇಳಿದಾಗ ಮೈ ಜುಂ ಅಂತು. ನರಗಳು ಬರೀ ಕರೆಂಟಲ್ಲಿ ಅಲ್ಲ, ಕೆಮಿಕಲ್ಲಲ್ಲೂ ಮಾತಾಡ್ತಾವೆ ಅಂತ ತೋರಿಸಿದ್ದು ಆಟೋ ಲೋವಿ, ಆಸ್ಟ್ರಿಯಾದ ಗ್ರಾಜ್‌ನಲ್ಲಿ. ಎರಡು ಕಪ್ಪೆ ಹೃದಯ ಇಟ್ಕೊಂಡು ಒಂದರ ನರ ಕೆಣಕಿ ಅದರ ಬಡಿತ ನಿಧಾನ ಮಾಡಿದ, ಅದರ ಸುತ್ತ ಇದ್ದ ನೀರನ್ನ ಇನ್ನೊಂದಕ್ಕೆ ಹಾಕಿದ, ಅದೂ ನಿಧಾನ ಆಯ್ತು. 1921ರಲ್ಲಿ ಪ್ರಕಟ ಆಯ್ತು. ಆ ಕೆಮಿಕಲ್ಲೇ ಅಸಿಟೈಲ್‌ಕೋಲಿನ್. ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ಸೇರಿಸಿ ನೊಬೆಲ್ ಕೊಟ್ಟಿದ್ದು 1936ರಲ್ಲಿ. ಅದೇ 1936ರ ಡಿಸೆಂಬರಲ್ಲೇ ಜರ್ಮನಿಯ ಒಂದು ಲ್ಯಾಬಲ್ಲಿ ಗೆರ್ಹಾರ್ಡ್ ಶ್ರಾಡರ್ ಅನ್ನೋನು ಬೆಳೆ ಹುಳಕ್ಕೆ ಹೊಸ ಔಷಧಿ ಹುಡುಕ್ತಾ ಟಾಬೂನ್ ತಯಾರಿಸಿದ, ಮನುಷ್ಯರನ್ನೇ ಕೊಲ್ಲೋ ನರ್ವ್ ಗ್ಯಾಸು, ಅದರ ಕೆಲಸಾನೂ ಕೋಲಿನೆಸ್ಟರೇಸ್ ಕೈ ಕಟ್ಟೋದೇ. ಎರಡು ವರ್ಷಕ್ಕೆ ನಾಜಿಗಳು ಲೋವಿಯನ್ನ ಜೈಲಿಗೆ ಹಾಕಿ, ನೊಬೆಲ್ ದುಡ್ಡು ಬರೆಸ್ಕೊಂಡು ದೇಶ ಬಿಡಿಸಿದ್ರು.

ಟ್ರೀಟ್‌ಮೆಂಟಿಗೆ ಬರೋಣ. ಆಸ್ಪತ್ರೇಲಿ ಮೊದಲು ಕೊಡೋದು ಅಟ್ರೋಪಿನ್. ರೋಡ್ ಸೈಡಲ್ಲಿ ಬೆಳೆಯೋ ಉಮ್ಮತ್ತಿ ಗಿಡದಲ್ಲಿ ಇರೋದೂ ಇದೇ ಜಾತಿ ವಿಷ (ಹಂಗಂತ ಯಾರೂ ಕಾಯಿ ಅರೆದು ಕುಡಿಸೋಕೆ ಹೋಗ್ಬೇಡಿ, ದಯವಿಟ್ಟು). ಅಟ್ರೋಪಿನ್ ಕಿಣ್ವದ ತಂಟೆಗೆ ಹೋಗಲ್ಲ, ಅಸಿಟೈಲ್‌ಕೋಲಿನ್ ಹೋಗಿ ಕೂರೋ ಜಾಗದಲ್ಲಿ ತಾನು ಮೊದಲೇ ಹೋಗಿ ಕೂತ್ಕೊಳ್ಳುತ್ತೆ, ಬಸ್ ಸೀಟಿಗೆ ಟವೆಲ್ ಹಾಕಿದಂಗೆ. ಒಂದು ಆಂಪೂಲಲ್ಲಿ, ಅಂದ್ರೆ ಇಂಜೆಕ್ಷನ್ನಿನ ಪುಟ್ಟ ಗಾಜಿನ ಸೀಸೇಲಿ, 0.6 ಮಿಲಿಗ್ರಾಂ ಇರುತ್ತೆ, ಮಾಮೂಲಿ ಕೆಲಸಕ್ಕೆ ಅಷ್ಟು ಸಾಕು. ಇಲ್ಲಿ ಮೊದಲ ಡೋಸೇ 1ರಿಂದ 3 ಮಿಲಿಗ್ರಾಂ, ಐದು ನಿಮಿಷ ನೋಡಿ ಸಾಲದಿದ್ರೆ ಡಬಲ್, ಮತ್ತೆ ಐದು ನಿಮಿಷಕ್ಕೆ ಡಬಲ್, ಎದೆಯ ಗೊರಗೊರ ನಿಲ್ಲೋ ತನಕ, ಕಂಕುಳ ಒಣಗೋ ತನಕ. ನೋಡಿದ್ರಾ, ಅದೇ ಕಪ್ಪೆ ಲೆಕ್ಕ, 1, 2, 4, 8. ಜಾಸ್ತಿ ಆಯ್ತೋ, ಪೇಶೆಂಟು ಉಮ್ಮತ್ತಿ ತಿಂದೋರ ಥರ ಮುಖ ಕೆಂಪಗಾಗಿ, ಹಾಸಿಗೆ ಮೇಲೆ ಇಲ್ಲದ ದಾರ ಹೆಕ್ತಾ ಕೂರ್ತಾರೆ.

ಆದ್ರೆ ಅಟ್ರೋಪಿನ್ ಕೂರೋ ಸೀಟು ಜೊಲ್ಲು, ಬೆವರು, ಶ್ವಾಸನಾಳ, ಹೃದಯ ಇವುಗಳದ್ದು. ಕೈಕಾಲಿನ, ಉಸಿರಾಟದ ಸ್ನಾಯುದು ಬೇರೆ ಸೀಟು, ಅಲ್ಲಿಗೆ ಇದು ಹೋಗಲ್ಲ. ಹಂಗಾಗಿ ಪೇಶೆಂಟು ಹುಷಾರಾದ್ರು ಅಂತ ಮನೆಯವರು ಎಳನೀರು ತರೋಕೆ ಹೋಗಿರ್ತಾರೆ, ಎರಡನೇ ದಿನಾನೋ ಮೂರನೇ ದಿನಾನೋ ಇದ್ದಕ್ಕಿದ್ದಂಗೆ ಉಸಿರಾಟದ ಸ್ನಾಯು ಸೋಲುತ್ತೆ. ಇದನ್ನ ಬೇರೆಯಾಗಿ ಗುರುತಿಸಿ ಬರೆದೋರು ಶ್ರೀಲಂಕಾದ ಡಾಕ್ಟ್ರುಗಳು, 1987ರಲ್ಲಿ. ಅದರ ಮೊದಲ ಸುಳಿವು ಏನು ಗೊತ್ತಾ, ಮಲಗಿದೋರಿಗೆ ದಿಂಬಿನಿಂದ ತಲೆ ಎತ್ತೋಕಾಗಲ್ಲ. ಅವತ್ತಿನ ಯಜಮಾನ್ರನ್ನ ನೋಡೋಕೆ ಸರ್ ಮೂರು ದಿನಾನೂ ಹೋಗಿ "ಕತ್ತು ಎತ್ರೀ ನೋಡಣ" ಅಂತಿದ್ರು, ಅವರ ಹೆಂಡ್ತಿ "ಈ ಡಾಕ್ಟ್ರು ಬರೀ ಕತ್ತೇ ನೋಡ್ತಾರಲ್ಲಪ್ಪಾ" ಅಂತ ನನ್ನ ಹತ್ರ ಗೊಣಗಿದ್ರು. ಪುಣ್ಯಕ್ಕೆ ಕತ್ತು ಎತ್ತಿದ್ರು, ಮನೆಗೂ ಹೋದ್ರು.

ಕಿಣ್ವದ ಕೈ ಬಿಡಿಸೋ ಔಷಧಿ ಇಲ್ವಾ ಅಂದ್ರೆ ಇದೆ, ಪ್ರಾಲಿಡಾಕ್ಸೈಮ್, ವಾರ್ಡಲ್ಲಿ ಎಲ್ಲಾ ಪ್ಯಾಮ್ ಅಂತಾರೆ. ಬೇಗ ಕೊಡ್ಬೇಕು, ಹೊತ್ತಾದಂಗೆ ಗಂಟು ಬಿಗಿಯಾಗಿ ಆಮೇಲೆ ಬಿಚ್ಚೋದೇ ಇಲ್ಲ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿದೆಯಾ, ಪೇಶೆಂಟಿಗೆ ಉಪಯೋಗ ಆಗುತ್ತಾ ಅಂದ್ರೆ ಅಲ್ಲಿ ಜಗಳ. 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯಲ್ಲಿ 200 ಜನರ ಮೇಲೆ ಮಾಡಿದ ಟ್ರಯಲಲ್ಲಿ ಬಿಡದೆ ಡ್ರಿಪ್ಪಲ್ಲಿ ಕೊಟ್ಟೋರಿಗೆ ಒಳ್ಳೇದಾಯ್ತು. 2009ರಲ್ಲಿ ಬಂದ ಶ್ರೀಲಂಕಾದ ಟ್ರಯಲಲ್ಲಿ ಲಾಭ ಕಾಣಲೇ ಇಲ್ಲ. ಯಾವ ಕೀಟನಾಶಕ, ಎಷ್ಟು, ಎಷ್ಟು ಹೊತ್ತಿಗೆ ಬಂದ್ರು ಅನ್ನೋದರ ಮೇಲೆ ಎಲ್ಲಾ ಬದಲಾಗುತ್ತೆ. ಸರ್‌ಗೆ ಸರ್ವೀಸ್ ಪೂರ್ತಿ ತಲೆ ಕೊರೆದಿದ್ದು ಇದೊಂದೇ ವಿಷಯ ಅಂದ್ರೂ ತಪ್ಪಿಲ್ಲ.

ಬೇರೆ ರಿಸರ್ಚ್ ಮಾಡಿಲ್ಲ ಅಂತಲ್ಲ. ಪಿ.ಜಿ. ಹುಡುಗರ ಥೀಸಿಸ್‌ಗಳಿಗೆ ಗೈಡ್ ಆಗಿದ್ರು, ಅದರಲ್ಲಿ ಅರ್ಧಕ್ಕರ್ಧ "ಇಂಥಾ ಎಲೆಯ ರಸದಿಂದ ಇಲಿಯ ಶುಗರ್ ಇಳಿಯಿತು" ಅನ್ನೋವೇ. ಇಲಿಗೆ ಶುಗರ್ ಇರಲ್ಲ, ಸ್ಟ್ರೆಪ್ಟೊಜೋಟೋಸಿನ್ ಚುಚ್ಚಿ ನಾವೇ ಬರಿಸ್ಬೇಕು, ಆಮೇಲೆ ನಾವೇ ಇಳಿಸ್ಬೇಕು. ನನ್ನ ಪ್ರಕಾರ ಇವುಗಳಲ್ಲಿ ಮುಕ್ಕಾಲು ಪಾಲು ಲೈಬ್ರರಿ ಬಿಟ್ಟು ಹೊರಗೆ ಬರಲ್ಲ. ಸರ್ ಅಷ್ಟು ಕಠಿಣವಾಗಿ ಹೇಳಲ್ಲ, ಕಿರುನೆಲ್ಲಿ ಕಥೆ ಹೇಳ್ತಾರೆ. ಕಾಮಾಲೆ ಅಂದ್ರೆ ನಮ್ಮಲ್ಲಿ ಕಿರುನೆಲ್ಲಿ ಅರೆದು ಹಾಲಲ್ಲೋ ಮಜ್ಜಿಗೇಲೋ ಕೊಡೋದು ರೂಢಿ. 1988ರಲ್ಲಿ ಮದ್ರಾಸಿನ ತಂಡದ ಪೇಪರ್ ದೊಡ್ಡ ಜರ್ನಲಲ್ಲಿ ಬಂತು, ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದಿದ್ದ 37 ಜನರಿಗೆ ಕಿರುನೆಲ್ಲಿ ಪುಡಿ ಕೊಟ್ಟಿದ್ರಲ್ಲಿ 22 ಜನರ ರಕ್ತದಿಂದ ಅದರ ಗುರುತೇ ಹೋಯ್ತು, ಔಷಧಿನೇ ಇಲ್ಲದ ಸುಳ್ಳು ಮಾತ್ರೆ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಕುಣಿದಾಡೋ ಸುದ್ದಿ. ಆಮೇಲೆ ಬೇರೆ ಬೇರೆ ಕಡೆ ಮತ್ತೆ ಮಾಡಿ ನೋಡಿದ್ರೆ ಆ ರಿಸಲ್ಟ್ ಬರಲಿಲ್ಲ. "ಮತ್ತೆ ನಮ್ಮೂರಲ್ಲಿ ಎಲ್ಲರಿಗೂ ವಾಸಿ ಆಗುತ್ತಲ್ಲ ಸರ್?" ಅಂದೆ. "ಊರಲ್ಲಿ ಬರೋದು ಜಾಸ್ತಿ ಎ ಟೈಪು ಕಣಪ್ಪ, ನೀರಿಂದ ಬರೋದು, ಬಹಳ ಜನಕ್ಕೆ ಅದು ತಾನಾಗೇ ಹೋಗುತ್ತೆ. ಕಿರುನೆಲ್ಲಿ ಕೊಡದೇ ಇದ್ದೋರನ್ನ ಯಾರು ಎಣಿಸಿದಾರೆ?"

ಈಗ ಕಪ್ಪೆ ಲ್ಯಾಬೆಲ್ಲಾ ಇಲ್ಲ. ಪ್ರಾಣಿ ಕೊಯ್ಯೋದಕ್ಕೆ ನಿಯಮ ಬಿಗಿ ಆಯ್ತು, ಪುದುಚೇರಿಯ ಮೆಡಿಕಲ್ ಕಾಲೇಜು ಜಿಪ್ಮರ್‌ನಲ್ಲಿ ತಯಾರಾದ ಎಕ್ಸ್‌ಫಾರ್ಮ್ ಅನ್ನೋ ಸಾಫ್ಟ್‌ವೇರ್ ಬಂತು, ಹುಡುಗರು ಮೌಸ್ ಒತ್ತಿ ಗೆರೆ ಎಳೀತಾರೆ. ಸರ್‌ಗೆ ಅದರ ಬಗ್ಗೆ ಬೇಜಾರಿಲ್ಲ, ಕಪ್ಪೆಗಳು ಬದುಕಿದ್ವಲ್ಲ ಅಂತಾರೆ. ಡಿಪಾರ್ಟ್‌ಮೆಂಟುಗಳ ಗಮನ ಈಗ ಜನ ನುಂಗೋ ಮಾತ್ರೆ ಕಡೆ ತಿರುಗಿದೆ. 2010ರಲ್ಲಿ ದೇಶದಲ್ಲಿ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಶುರು ಆಯ್ತು, ಮಾತ್ರೆಯಿಂದ ತೊಂದರೆ ಆದ್ರೆ ಫಾರ್ಮ್ ತುಂಬಿ ಕಳಿಸೋದು, ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನ ನೋಡ್ಕೊಳ್ಳುತ್ತೆ. ಪೇಶೆಂಟೇ 1800-180-3024ಕ್ಕೆ ಫೋನ್ ಮಾಡಿ ಹೇಳಬಹುದು, ದುಡ್ಡು ಬೀಳಲ್ಲ.

ನನ್ನ ಅಂಗಡಿಗೆ ಬರೋ ಒಬ್ಬ ಅಕ್ಕನ ತುಟಿ ಮೇಲೆ ಕಡುನೀಲಿ ಮಚ್ಚೆ ಇತ್ತು, ಯಾರದ್ದೋ ಕಣ್ಣು ಬಿದ್ದಿದೆ ಅಂತ ದೃಷ್ಟಿ ತೆಗೆಸ್ಕೊಂಡಿದ್ರು. ಸರ್ ನೋಡಿ "ಹೋದ ಸಲಾನೂ ಇದೇ ಜಾಗದಲ್ಲೇ ಆಗಿತ್ತೇನಮ್ಮಾ? ಅವಾಗ ಏನಾದ್ರೂ ಭೇದಿಗೆ ಮಾತ್ರೆ ತಗೊಂಡಿದ್ರಾ?" ಅಂದ್ರು. ಆ ಅಕ್ಕ ಹೌಹಾರಿದ್ರು, ಎರಡಕ್ಕೂ ಹೌದು. ಕೆಲವರಿಗೆ ಕೆಲವು ಮಾತ್ರೆ ತಗೊಂಡ್ರೆ ಚರ್ಮದ ಅದೇ ಜಾಗ ಪ್ರತಿ ಸಲಾನೂ ಸುಟ್ಟಂಗೆ ಆಗುತ್ತೆ, ಚರ್ಮಕ್ಕೂ ನೆನಪಿರುತ್ತೆ. ಆ ಭೇದಿ ಮಾತ್ರೆ ಹೆಸರು, ಮೆಟ್ರೋನಿಡಜೋಲ್ ಅಂತ, ಚೀಟೀಲಿ ದೊಡ್ಡದಾಗಿ ಬರೆದು "ಇದನ್ನ ಪರ್ಸಲ್ಲಿ ಇಟ್ಕೊಂಡು ಯಾವ ಡಾಕ್ಟ್ರ ಹತ್ರ ಹೋದ್ರೂ ತೋರ್ಸು" ಅಂದ್ರು. ಎರಡು ಸಲಾನೂ ಆ ಮಾತ್ರೆ ಕೊಟ್ಟಿದ್ದು ನಾನೇ, ಡಾಕ್ಟ್ರ ಚೀಟಿ ಕೇಳದೆ. ಸರ್ ನನ್ನ ಮುಖ ನೋಡಿದ್ರು, ಏನೂ ಅನ್ನಲಿಲ್ಲ.

ರಿಟೈರ್ ಆದಮೇಲೂ ಸ್ಪ್ರೇ ಹೊಡೆಯೋರ ಗೀಳು ಬಿಟ್ಟಿಲ್ಲ. ಔಷಧಿ ಹೆಸರು ಯಾರಿಗೂ ನೆನಪಿರಲ್ಲ, ಹಂಗಾಗಿ ಅವರು ಕೇಳೋದು ಬಣ್ಣ. ಕೀಟನಾಶಕದ ಡಬ್ಬಿ ಮೇಲೆ ಒಂದು ಚೌಕ ಇರುತ್ತೆ, ಅದರ ಕೆಳಗಿನ ತ್ರಿಕೋನದ ಬಣ್ಣದಲ್ಲಿ ವಿಷ ಎಷ್ಟು ಅಂತ ಗೊತ್ತಾಗುತ್ತೆ, ಕೆಂಪು ಎಲ್ಲಕ್ಕಿಂತ ಜೋರು, ಆಮೇಲೆ ಹಳದಿ, ನೀಲಿ, ಹಸಿರು. ಮೊನ್ನೆ ನಮ್ಮ ಮಾವ ಹಳ್ಳಿಯಿಂದ ಫೋನ್ ಮಾಡಿ, ಔಷಧಿ ಹೊಡೆದು ಬಂದಾಗಿಂದ ತಲೆ ಭಾರ ಅಂದ್ರು. ಸರ್ ಅಂಗಡೀಲೇ ಕೂತಿದ್ರು, ಬಣ್ಣ ಕೇಳು ಅಂದ್ರು. ಸ್ಪೀಕರ್ ಹಾಕಿ ಕೇಳಿದೆ.

"ತಡಿ, ಒಳಗೆ ಹೋಗಿ ನೋಡಿ ಹೇಳ್ತೀನಿ" ಅಂದ್ರು ಮಾವ. "ಹೋದ ಸಲದ ಡಬ್ಬಿ ಅಡಿಗೆಮನೇಲೇ ಐತೆ. ನಿಮ್ಮತ್ತೆ ತೊಳೆದು ತೊಗರಿಬೇಳೆ ಹಾಕಿಟ್ಟಾಳೆ."

ಸರ್ ಆಗಲೇ ಎದ್ದು ಚಪ್ಪಲಿ ಮೆಟ್ತಾ ಇದ್ರು. "ಗಾಡಿ ತೆಗಿ" ಅಂದ್ರು.