ಪದ ಪರಿಚಯ: ಆಕ್ಸಲ್ ಅಪ್‌ಗ್ರೇಡ್

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಥಾರ್, ಜಿಮ್ನಿ, ಗೂರ್ಖಾ ಥರದ ಜೀಪ್ ಇಟ್ಟುಕೊಂಡವರು ಈಗ ಸಾಕಷ್ಟು ಜನ ಇದ್ದಾರೆ. ಗಾಡಿ ಮನೆಗೆ ಬಂದ ಮೇಲೆ ಹುಟ್ಟುವ ಮೊದಲ ಆಸೆ ದೊಡ್ಡ ಟೈರಿನದು. ಟೈರ್ ಅಂಗಡಿಯಲ್ಲಿ 33 ಇಂಚು, 35 ಇಂಚು ಅಂತ ಮಾತು ಶುರುವಾಗುತ್ತದೆ. ಅಷ್ಟರಲ್ಲಿ ಯಾರಾದರೂ ಒಬ್ಬರು ‘ಹಂಗಾದ್ರ ಆಕ್ಸಲ್ ಅಪ್‌ಗ್ರೇಡ್ ಮಾಡಿಸ್ಬೇಕಾಗ್ತದ್ರಿ’ ಅನ್ನುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಆದರೆ ಹೇಳಿದವರ ಮನಸ್ಸಿನಲ್ಲಿ ಒಂದು ಕೆಲಸ ಇರುತ್ತದೆ, ಕೇಳಿದವರ ಮನಸ್ಸಿನಲ್ಲಿ ಇನ್ನೊಂದು. ಈ ಒಂದೇ ಮಾತಿನೊಳಗೆ ನಾಲ್ಕೈದು ಬೇರೆ ಬೇರೆ ಕೆಲಸಗಳಿವೆ. ಖರ್ಚು ಬೇರೆ, ಉಪಯೋಗ ಬೇರೆ. ಯಾವುದು ಬೇಕು ಅಂತ ತಿಳಿಯದೆ ದುಡ್ಡು ಹಾಕಬಾರದು.

ಮೊದಲು ಆಕ್ಸಲ್ ಅಂದರೆ ಏನು ಅಂತ ನೋಡೋಣ. ಎರಡು ಗಾಲಿಗಳ ನಡುವೆ ಅಡ್ಡಲಾಗಿ ಕೂತಿರುವ ಜೋಡಣೆ ಅದು. ಟ್ರ್ಯಾಕ್ಟರಿನ ಹಿಂದೆ ಎಳೆಯುವ ಟ್ರಾಲಿಯ ಆಕ್ಸಲ್ ತಾನು ಸುತ್ತುವುದಿಲ್ಲ. ಗಾಲಿ ಮಾತ್ರ ಸುತ್ತುತ್ತದೆ, ಆಕ್ಸಲ್ ಭಾರ ಹೊರುತ್ತದೆ, ಅಷ್ಟೇ. ಜೀಪಿನ ಹಿಂದಿನ ಆಕ್ಸಲ್‌ಗೆ ಇನ್ನೊಂದು ಕೆಲಸ ಇದೆ. ಎಂಜಿನ್ನಿನ ಬಲವನ್ನು ಅದು ಗಾಲಿಗೆ ಮುಟ್ಟಿಸಬೇಕು. ಅದಕ್ಕೇ ಹೊರಗೆ ಉಕ್ಕಿನ ಹೌಸಿಂಗ್, ಒಳಗೆ ಎಂಜಿನ್ನಿನ ತಿರುಗುವಿಕೆಯನ್ನು ಗಾಲಿ ಕಡೆ ಹೊರಳಿಸುವ ಗೇರ್ ಜೋಡಿ, ಅಂದರೆ ಕ್ರೌನ್ (ದೊಡ್ಡದು) ಮತ್ತು ಪಿನಿಯನ್ (ಸಣ್ಣದು), ಅದರ ಜೊತೆ ತಿರುವಿನಲ್ಲಿ ಎರಡು ಗಾಲಿಗೂ ಬೇರೆ ಬೇರೆ ವೇಗ ಕೊಡುವ ಡಿಫರೆನ್ಷಿಯಲ್, ಎಡಕ್ಕೊಂದು ಬಲಕ್ಕೊಂದು ಶಾಫ್ಟ್, ತುದಿಯಲ್ಲಿ ಗಾಲಿ ಕೂರುವ ಹಬ್ ಮತ್ತು ಬೇರಿಂಗ್. ಗ್ಯಾರೇಜಿನಲ್ಲಿ ‘ಆಕ್ಸಲ್ ಕಟ್ ಆಗೇದ’ ಅಂದರೆ ಮುರಿದದ್ದು ಆ ಶಾಫ್ಟ್ ಮಾತ್ರ. ‘ಆಕ್ಸಲ್ ಅಪ್‌ಗ್ರೇಡ್’ ಅಂದಾಗ ಮಾತ್ರ ಇದರಲ್ಲಿ ಯಾವುದೂ ಆಗಬಹುದು, ಎಲ್ಲವೂ ಆಗಬಹುದು.

ಇಷ್ಟಕ್ಕೂ ದೊಡ್ಡ ಟೈರ್ ಯಾಕೆ? ಸುಮ್ನೆ ನೋಟಕ್ಕೆ ಅಂತ ಹಾಕಿಸುವವರೂ ಇದ್ದಾರೆ. ಆದರೆ ನಮ್ಮ ಕಡೆ ನಿಜವಾದ ಕಾರಣವೂ ಇದೆ. ಸಂಡೂರು ಕಡೆ ಅದಿರಿನ ಲಾರಿಗಳು ಓಡಾಡುವ ಮಣ್ಣಿನ ದಾರಿಯಲ್ಲಿ ಎರಡು ಕಡೆ ಆಳವಾದ ಗಾಲಿ ಜಾಡು ಬೀಳುತ್ತದೆ, ನಡುವೆ ದಿಬ್ಬ ಉಳಿಯುತ್ತದೆ. ಸಿಂಧನೂರು, ಸಿರುಗುಪ್ಪದ ಎರೆ ಹೊಲಗಳ ದಾರಿಯಲ್ಲೂ ಮಳೆಗಾಲ ಮುಗಿಯುವಷ್ಟರಲ್ಲಿ ಟ್ರ್ಯಾಕ್ಟರುಗಳು ಇದೇ ಥರ ಜಾಡು ಮಾಡಿರುತ್ತವೆ. ಆ ದಿಬ್ಬಕ್ಕೆ ಮೊದಲು ತಾಗುವುದು ಆಕ್ಸಲ್ ನಡುವಿನ ಉಬ್ಬು, ಅಂದರೆ ಡಿಫರೆನ್ಷಿಯಲ್ ಕೂತಿರುವ ಜಾಗ. ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಸ್ಪ್ರಿಂಗ್ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದರೆ ಬಾಡಿ ಮೇಲೇರುತ್ತದೆ, ಚಾಸಿ ಮೇಲೇರುತ್ತದೆ, ಆದರೆ ಆ ಉಬ್ಬು ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಸಾಮಾನ್ಯವಾಗಿ ಟೈರ್ ಒಂದೇ. ಅದೂ ಅರ್ಧ ಮಾತ್ರ. ಟೈರಿನ ಅಗಲ ಅಲ್ಲ, ನಿಂತ ಎತ್ತರ 4 ಇಂಚು ಹೆಚ್ಚಿದರೆ ಆಕ್ಸಲ್ 2 ಇಂಚು ಮೇಲೇರುತ್ತದೆ.

ಆ 2 ಇಂಚಿಗೆ ಆಕ್ಸಲ್ ಏನು ತೆರಬೇಕಾಗುತ್ತದೆ ಅಂತ ಈಗ ಲೆಕ್ಕ ಹಾಕೋಣ. ಉದಾಹರಣೆಗೆ 255/65 ಆರ್18 (ಅಗಲ 255 ಮಿಲಿಮೀಟರ್, ಪಕ್ಕದ ಗೋಡೆ ಅದರ ಶೇಕಡಾ 65, ರಿಮ್ 18 ಇಂಚು) ಟೈರಿನ ಎತ್ತರ ಸುಮಾರು 789 ಮಿಲಿಮೀಟರ್, ಅಂದರೆ 31 ಇಂಚು. 35 ಇಂಚಿನ ಟೈರ್ ಅಂದರೆ 889 ಮಿಲಿಮೀಟರ್. ಹೆಚ್ಚು ಕಡಿಮೆ ಶೇಕಡಾ 13ರಷ್ಟು ದೊಡ್ಡದು. ಬಿಗಿಯಾಗಿ ಕೂತ ನಟ್ ಬಿಚ್ಚಲು ವೀಲ್ ಪಾನಾಕ್ಕೆ ಉದ್ದನೆ ಪೈಪ್ ಸಿಗಿಸುತ್ತೇವೆ ಅಲ್ವಾ? ಕೈಬಲ ಅಷ್ಟೇ ಇದ್ದರೂ ನಟ್ ಮೇಲೆ ಬೀಳುವ ತಿರುಚು ಜಾಸ್ತಿಯಾಗುತ್ತದೆ. ಇಲ್ಲೂ ಅದೇ ಆಗುತ್ತದೆ. ನೆಲ ಟೈರನ್ನು ಎಷ್ಟು ಹಿಡಿದರೂ ಆ ಹಿಡಿತ ಶಾಫ್ಟ್ ಮೇಲೆ ಶೇಕಡಾ 13ರಷ್ಟು ಹೆಚ್ಚಿನ ತಿರುಚಾಗಿ ಬೀಳುತ್ತದೆ.

ಶೇಕಡಾ 13 ಅಷ್ಟೇನಾ ಅನ್ನಿಸಬಹುದು. ತೊಂದರೆ ಇರುವುದು ಹಿಡಿತದಲ್ಲಿ. ಲೋ ರೇಂಜಿನ, ಅಂದರೆ ವೇಗ ತಗ್ಗಿಸಿ ಬಲ ಹೆಚ್ಚಿಸುವ ಫೋರ್ ವೀಲ್ ಗೇರಿನ, ಮೊದಲ ಗೇರಿನಲ್ಲಿ ಎಂಜಿನ್ ಕೊಡುವ ಬಲ ಆಕ್ಸಲ್ ತಲುಪುವ ಹೊತ್ತಿಗೆ ಹತ್ತಾರು ಪಟ್ಟು ಹಿಗ್ಗಿರುತ್ತದೆ. ಮಾಮೂಲಿ ಟೈರ್ ಅಷ್ಟು ಬಲಕ್ಕೆ ಮೊದಲೇ ಜಾರಿಬಿಡುತ್ತದೆ. ಗಾಲಿ ಸುಮ್ನೆ ಸುತ್ತುತ್ತದೆ, ಶಾಫ್ಟ್ ಉಳಿಯುತ್ತದೆ. ಅಂದರೆ ಜಾರುವುದೇ ಶಾಫ್ಟನ್ನು ಕಾಯುತ್ತಿರುತ್ತದೆ. ಅಗಲವಾದ, ದಪ್ಪ ಗುಬ್ಬಿಗಳ (ಮೇಲೆದ್ದ ರಬ್ಬರ್ ಉಬ್ಬುಗಳ) ಮಡ್ ಟೈರ್ ಹಾಕಿ, ಗಾಳಿ ಇಳಿಸಿ, ಎರಡೂ ಗಾಲಿ ಒಂದೇ ವೇಗದಲ್ಲಿ ಸುತ್ತುವ ಹಾಗೆ ಡಿಫರೆನ್ಷಿಯಲ್ ಲಾಕ್ ಮಾಡಿದರೆ ಜಾರುವುದು ನಿಲ್ಲುತ್ತದೆ. ಆಗ ಆ ಬಲವೆಲ್ಲ ಶಾಫ್ಟ್ ಮೇಲೆ ಬೀಳುತ್ತದೆ. ಕೊಪ್ಪಳ ಜಿಲ್ಲೆಯ ಗ್ರಾನೈಟ್ ಬಂಡೆಗಳ ನಡುವೆ ಒಂದು ಗಾಲಿ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಅದು ಸುತ್ತುವ ಹಾಗೇ ಇಲ್ಲ. ಚಾಲಕ ಸಿಟ್ಟಿನಲ್ಲಿ ಆಕ್ಸಿಲರೇಟರ್ ಒತ್ತಿದ. ಶಾಫ್ಟ್ ಕಟ್ ಆಗುವುದು ಇಂಥ ಹೊತ್ತಿನಲ್ಲೇ. ಗಾಲಿ ಗಾಳಿಯಲ್ಲಿ ಜೋರಾಗಿ ಸುತ್ತುತ್ತಾ ಇದ್ದು, ಥಟ್ಟನೆ ಬಂಡೆಗೆ ಕಚ್ಚಿಕೊಂಡರೂ ಅಷ್ಟೇ. ಆ ಏಟು ಒಂದೇ ಕ್ಷಣದ್ದು, ಆದರೆ ಬಹಳ ದೊಡ್ಡದು. ಟೈರ್ ಭಾರವಾದಷ್ಟೂ ಏಟು ಜೋರು. 35 ಇಂಚಿನ ಮಡ್ ಟೈರ್ ಕಂಪನಿ ಟೈರಿಗಿಂತ ಒಂದೊಂದೂ ಹತ್ತು ಕೆಜಿಗಿಂತ ಜಾಸ್ತಿ ತೂಗಬಹುದು. (ಆನೆಗುಂದಿ ಸುತ್ತಲಿನ ಬೆಟ್ಟಗಳಿಗೆ ಮಾತ್ರ ಜೀಪ್ ಹತ್ತಿಸಬೇಡಿ. ಅಲ್ಲಿ ಹಳೆಯ ಸ್ಮಾರಕಗಳಿವೆ, ಕರಡಿ ಚಿರತೆಗಳಿವೆ. ಬಂಡೆ ಬೇಕಾದರೆ ಸ್ವಂತ ಜಾಗ, ಇಲ್ಲವೇ ಅನುಮತಿ ಇರುವ ಜಾಗ ನೋಡಿಕೊಳ್ಳಿ.)

ಆಕ್ಸಲ್ ಅಪ್‌ಗ್ರೇಡ್ ಅನ್ನುವುದರಲ್ಲಿ ಮೊದಲು ಬರುವ ಕೆಲಸ ಕ್ರೌನ್ ಪಿನಿಯನ್ ಬದಲಿಸುವುದು. ಇದು ಗಟ್ಟಿತನದ ಪ್ರಶ್ನೆ ಅಲ್ಲ, ಎಳೆತದ ಪ್ರಶ್ನೆ. ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಹಾಗಾಗಿ ಎಲ್ಲ ಗೇರುಗಳೂ ಉದ್ದವಾದಂತಾಗುತ್ತವೆ. ಏರಿನಲ್ಲಿ ಗಾಡಿ ಮುಕ್ಕರಿಯುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 68ರಲ್ಲಿ ಓಡುತ್ತಿರುತ್ತದೆ. ಇದಕ್ಕೆ ಪರಿಹಾರ ಆಕ್ಸಲಿನ ಅನುಪಾತ ಹೆಚ್ಚಿಸುವುದು. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. 41 ಹಲ್ಲಿನ ಕ್ರೌನ್, 11 ಹಲ್ಲಿನ ಪಿನಿಯನ್ ಇದ್ದರೆ 3.73. ಇದನ್ನು ಶೇಕಡಾ 13 ಹೆಚ್ಚಿಸಿದರೆ 4.2 ಆಗುತ್ತದೆ. 43ಕ್ಕೆ 10 ಹಲ್ಲಿನ ಜೋಡಿ 4.30 ಕೊಡುತ್ತದೆ, ಹತ್ತಿರವಾಯಿತು. ಈ ಕೆಲಸಕ್ಕೊಂದು ಮಿತಿಯೂ ಇದೆ. ಅನುಪಾತ ಏರಿಸುತ್ತಾ ಹೋದರೆ ಪಿನಿಯನ್ ಸಣ್ಣದಾಗುತ್ತಾ ಹೋಗುತ್ತದೆ, ಬಲ ಕಳೆದುಕೊಳ್ಳುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಈ ಕೆಲಸ ಹಿಂದಿನ ಆಕ್ಸಲ್‌ಗೆ ಮಾತ್ರ ಮಾಡಿಸಿ ಬಿಡುವಂತಿಲ್ಲ. ಮುಂದೆ ಹಿಂದೆ ಎರಡಕ್ಕೂ ಅನುಪಾತ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಗಾಲಿ ಒಂದು ವೇಗ, ಹಿಂದಿನ ಗಾಲಿ ಇನ್ನೊಂದು ವೇಗ ಕೇಳುತ್ತವೆ. ನಡುವೆ ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಹಾಗಾಗಿ ಇದರ ಖರ್ಚು ಯಾವಾಗಲೂ ಎರಡರಷ್ಟು ಅಂತಲೇ ಎಣಿಸಿ.

ಎರಡನೆಯ ಕೆಲಸ ಶಾಫ್ಟ್ ಬದಲಿಸುವುದು. ಗಟ್ಟಿತನ ನಿಜವಾಗಿ ಸಿಗುವುದು ಇಲ್ಲಿ. ಶಾಫ್ಟಿನ ದಪ್ಪ ಸ್ವಲ್ಪ ಹೆಚ್ಚಿದರೂ ಬಲ ಬಹಳ ಹೆಚ್ಚುತ್ತದೆ, ಯಾಕೆಂದರೆ ತಿರುಚು ತಡೆಯುವ ಬಲ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. ಜೀಪ್ ಲೋಕದಲ್ಲಿ ಸಾಮಾನ್ಯವಾದ 30 ಸ್ಪ್ಲೈನಿನ (ತುದಿಯಲ್ಲಿ ಕೊರೆದ 30 ಹಲ್ಲುಗಳ) ಶಾಫ್ಟ್ 1.31 ಇಂಚು ದಪ್ಪ. 35 ಸ್ಪ್ಲೈನಿನದು 1.5 ಇಂಚು. ವ್ಯತ್ಯಾಸ ನೋಡಲು ಒಂದು ಗೆರೆಯಷ್ಟು. ಉಕ್ಕು ಒಂದೇ ಆಗಿದ್ದರೆ ಬಲದಲ್ಲಿ ಒಂದೂವರೆ ಪಟ್ಟು! ದಪ್ಪ ಹೆಚ್ಚಿಸಲು ಜಾಗ ಇಲ್ಲದಿದ್ದರೆ ಅದೇ ಅಳತೆಯಲ್ಲಿ ಕ್ರೋಮಿಯಂ ಮಾಲಿಬ್ಡಿನಮ್ ಬೆರೆಸಿದ ಉಕ್ಕಿನ ಶಾಫ್ಟ್ ಹಾಕುತ್ತಾರೆ. ಇದನ್ನೇ ಕ್ರೋಮೋಲಿ ಅನ್ನುತ್ತಾರೆ. ಸ್ಥಳೀಯವಾಗಿ ಲೇತ್‌ನಲ್ಲಿ ಕೊರೆಸಿದ ಶಾಫ್ಟ್ ಬಗ್ಗೆ ಮಾತ್ರ ಎಚ್ಚರ ಇರಲಿ. ಆಕಾರ ಸರಿಯಾಗಿ ಬಂದರೂ ಹದ ಕೊಡುವ ಕೆಲಸ, ಅಂದರೆ ಹೀಟ್ ಟ್ರೀಟ್‌ಮೆಂಟ್, ಸರಿಯಾಗಿ ಆಗದಿದ್ದರೆ ಅದು ಬೇಗ ತಿರುಚಿಕೊಳ್ಳುತ್ತದೆ ಇಲ್ಲವೇ ಥಟ್ಟನೆ ಮುರಿಯುತ್ತದೆ.

ಶಾಫ್ಟ್ ಬಗ್ಗೆ ಮಾತಾಡುವಾಗ ಸೆಮಿ ಫ್ಲೋಟಿಂಗ್, ಫುಲ್ ಫ್ಲೋಟಿಂಗ್ ಅನ್ನುವ ಎರಡು ಪದ ಬಂದೇ ಬರುತ್ತವೆ. ಕಾರು, ಎಸ್‌ಯುವಿಗಳಲ್ಲಿ ಹೆಚ್ಚಾಗಿ ಇರುವುದು ಸೆಮಿ ಫ್ಲೋಟಿಂಗ್. ಅಲ್ಲಿ ಗಾಲಿ ನೇರವಾಗಿ ಶಾಫ್ಟಿನ ತುದಿಗೇ ಕೂತಿರುತ್ತದೆ. ಶಾಫ್ಟ್ ಬಲವನ್ನೂ ಮುಟ್ಟಿಸಬೇಕು, ಗಾಡಿಯ ಭಾರವನ್ನೂ ಹೊರಬೇಕು. ಅದು ತುದಿಯಲ್ಲಿ ಮುರಿದರೆ ಗಾಲಿಯೇ ಕಳಚಿಕೊಂಡು ಹೋಗಬಹುದು. ಫುಲ್ ಫ್ಲೋಟಿಂಗ್ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಬಳ್ಳಾರಿ ಬೈಪಾಸಿನಲ್ಲಿ ನಿಂತ ಯಾವುದಾದರೂ ಲಾರಿಯ ಹಿಂದಿನ ಹಬ್ ನೋಡಿ. ನಡುವೆ ಮುಂದೆ ಚಾಚಿಕೊಂಡ ಭಾಗ, ಅದರ ಸುತ್ತ ಬೋಲ್ಟುಗಳು ಕಾಣುತ್ತವೆ. ಭಾರವೆಲ್ಲ ಹೌಸಿಂಗ್ ಮೇಲಿನ ಎರಡು ಬೇರಿಂಗುಗಳಿಗೆ ಸೇರಿದ್ದು. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಆ ಬೋಲ್ಟ್ ಬಿಚ್ಚಿದರೆ ಜಾಕ್ ಹಾಕದೆಯೇ ಶಾಫ್ಟ್ ಹೊರಗೆ ಎಳೆಯಬಹುದು. ಲಾರಿ ಮೆಕ್ಯಾನಿಕ್ಕುಗಳಿಗೆ ಇದು ದಿನನಿತ್ಯದ ಕೆಲಸ. ನಿಜವಾಗಿ ದೊಡ್ಡ ಟೈರ್ ಹಾಕಿ ದೂರದ ಜಾಗಗಳಿಗೆ ಹೋಗುವವರಿಗೆ ಫುಲ್ ಫ್ಲೋಟಿಂಗ್ ಬೇರೆಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೂರನೆಯದು ಹೌಸಿಂಗ್ ಬಲಪಡಿಸುವುದು. ಗಾಡಿ ಎಗರಿ ಬಿದ್ದಾಗ ಹೌಸಿಂಗಿನ ಕೊಳವೆ ಬಾಗುತ್ತದೆ. ಅದರ ಮೇಲೆ ಉಕ್ಕಿನ ಪಟ್ಟಿಯನ್ನು ಸೇತುವೆಯ ಆಕಾರದಲ್ಲಿ ವೆಲ್ಡ್ ಮಾಡುತ್ತಾರೆ, ಇದಕ್ಕೆ ಟ್ರಸ್ ಅಂತ ಹೆಸರು. ಒಂದೇ ಸಲಕ್ಕೆ ಉದ್ದಕ್ಕೆ ವೆಲ್ಡ್ ಮಾಡಿದರೆ ಬಿಸಿಗೆ ಕೊಳವೆಯೇ ಸೊಟ್ಟಗಾಗುತ್ತದೆ. ಸ್ವಲ್ಪ ಸ್ವಲ್ಪವೇ, ಜಾಗ ಬದಲಿಸುತ್ತಾ ಮಾಡುವವರ ಕೈಗೆ ಕೊಡಬೇಕು.

ಮುಂದಿನ ಆಕ್ಸಲ್ ಕಥೆ ಗಾಡಿಯಿಂದ ಗಾಡಿಗೆ ಬೇರೆ. ಮಾರುತಿ ಜಿಪ್ಸಿ, ಜಿಮ್ನಿಗಳಲ್ಲಿ ಮುಂದೆಯೂ ಹಿಂದೆಯೂ ಇಡಿಯಾದ ಗಟ್ಟಿ ಆಕ್ಸಲ್ ಇದೆ. 2020ರಲ್ಲಿ ಬಂದ ಥಾರ್‌ನಲ್ಲಿ ಹಿಂದೆ ಗಟ್ಟಿ ಆಕ್ಸಲ್, ಮುಂದೆ ಎರಡು ಗಾಲಿಗೂ ಬೇರೆ ಬೇರೆ ಸಸ್ಪೆನ್ಷನ್. ಅಲ್ಲಿ ದುರ್ಬಲ ಜಾಗ ಅಂದರೆ ಸಿವಿ ಜಾಯಿಂಟ್, ಗಾಲಿ ತಿರುಗಿದಾಗಲೂ ಅದಕ್ಕೆ ಬಲ ಮುಟ್ಟಿಸುವ ಕೀಲು. ಲಿಫ್ಟ್ ಜಾಸ್ತಿ ಮಾಡಿ, ದೊಡ್ಡ ಟೈರ್ ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿಕೊಂಡು ಆಕ್ಸಿಲರೇಟರ್ ಒತ್ತಿದರೆ ಮೊದಲು ಹೋಗುವುದು ಅದೇ. ಮುಂದಿನ ಇಡೀ ಸಸ್ಪೆನ್ಷನ್ ತೆಗೆದು ಗಟ್ಟಿ ಆಕ್ಸಲ್ ಕೂರಿಸುವವರೂ ಇದ್ದಾರೆ. ಅದು ಬರೀ ಆಕ್ಸಲ್ ಕೆಲಸ ಅಲ್ಲ, ಸ್ಟೇರಿಂಗ್, ಬ್ರೇಕ್, ಚಾಸಿ ಎಲ್ಲ ಮತ್ತೆ ಕಟ್ಟುವ ಕೆಲಸ.

ಕೊನೆಯದು ಇಡೀ ಆಕ್ಸಲನ್ನೇ ಬದಲಿಸುವುದು. ಡಾನಾ 44, ಡಾನಾ 60 ಅಂತ ಕೇಳಿರುತ್ತೀರಿ. ಇವು ಡಾನಾ ಕಂಪನಿಯ ಆಕ್ಸಲ್ ಮಾದರಿಗಳ ಹೆಸರು. ಆ ಅಂಕಿ ಇಂಚೂ ಅಲ್ಲ, ಹಲ್ಲಿನ ಲೆಕ್ಕವೂ ಅಲ್ಲ. 44ರ ಕ್ರೌನ್ ಸುಮಾರು 8.5 ಇಂಚು, 60ರದು 9.75 ಇಂಚು. ಜೀಪ್ ರಾಂಗ್ಲರ್ ರೂಬಿಕಾನ್ ಕಂಪನಿಯಿಂದಲೇ ಎರಡೂ ಕಡೆ ಡಾನಾ 44 ಹಾಕಿಕೊಂಡು ಬರುತ್ತದೆ. ಇನ್ನೊಂದು ಜಾತಿ ಪೋರ್ಟಲ್ ಆಕ್ಸಲ್, ಯೂನಿಮಾಗ್ ಅನ್ನುವ ಜರ್ಮನ್ ಟ್ರಕ್ಕಿನಲ್ಲಿ ಇರುವಂಥದು. ಅದರಲ್ಲಿ ಶಾಫ್ಟ್ ಗಾಲಿಯ ನಡುವಿಗಿಂತ ಮೇಲೆ ಇರುತ್ತದೆ, ಹಬ್ಬಿನಲ್ಲಿ ಗೇರುಗಳ ಮೂಲಕ ಬಲ ಕೆಳಗೆ ಇಳಿಯುತ್ತದೆ. ಟೈರ್ ದೊಡ್ಡದು ಮಾಡದೆಯೇ ನೆಲದಿಂದ ಎತ್ತರ ಸಿಗುತ್ತದೆ. ಜೊತೆಗೆ ಕೊನೆಯ ಗೇರ್ ಇಳಿಕೆ, ಅಂದರೆ ವೇಗ ತಗ್ಗಿಸಿ ತಿರುಚು ಹೆಚ್ಚಿಸುವ ಹಂತ, ಹಬ್ಬಿನಲ್ಲೇ ಆಗುವುದರಿಂದ ಶಾಫ್ಟ್ ಮೇಲೆ ತಿರುಚು ಕಡಿಮೆ. ಗಂಗಾವತಿ, ಕಾರಟಗಿಯ ಭತ್ತದ ಗದ್ದೆಗಳಲ್ಲಿ ಕೇಜ್ ವೀಲ್ ಹಾಕಿಕೊಂಡು ಕೆಸರು ತುಳಿಯುವ ಟ್ರ್ಯಾಕ್ಟರುಗಳಲ್ಲೂ ಕೊನೆಯ ಇಳಿಕೆ ಡಿಫರೆನ್ಷಿಯಲ್ ದಾಟಿದ ಮೇಲೆಯೇ ಇರುತ್ತದೆ. ಭಾರೀ ಎಳೆತದ ಯಂತ್ರಗಳು ಹೆಚ್ಚಾಗಿ ಈ ದಾರಿ ಹಿಡಿಯುವುದು ಇದೇ ಕಾರಣಕ್ಕೆ.

ಹಾಗಾದರೆ ಯಾರಿಗೆ ಏನು ಬೇಕು? ಕಂಪನಿ ಅಳತೆಗಿಂತ ಒಂದು ಇಂಚು ಒಳಗೆ ಹೆಚ್ಚಿಸಿದರೆ, ಹೊಲ, ಗರಸು ರಸ್ತೆ, ಹಳ್ಳ ದಾಟುವಷ್ಟೇ ಓಡಾಟ ಇದ್ದರೆ ಆಕ್ಸಲ್ ಮುಟ್ಟುವುದೇ ಬೇಡ. ನಮ್ಮ ಎರೆಮಣ್ಣಿನಲ್ಲಿ ಟೈರಿನ ಎತ್ತರಕ್ಕಿಂತ ಗುಬ್ಬಿಗಳ ನಡುವಿನ ಸಂದು ಮುಖ್ಯ. ಅಂಟಿದ ಮಣ್ಣು ಉದುರದಿದ್ದರೆ 35 ಇಂಚಿನ ಟೈರೂ ಅಲ್ಲೇ ಸುತ್ತುತ್ತದೆ. ಎರಡು ಇಂಚು ಏರಿಸಿದರೆ ಕ್ರೌನ್ ಪಿನಿಯನ್ ಬಗ್ಗೆ ಯೋಚಿಸಬೇಕು, ಬ್ರೇಕ್ ಪರೀಕ್ಷಿಸಬೇಕು. ದೊಡ್ಡ ಗಾಲಿ ನಿಲ್ಲಿಸಲೂ ಹೆಚ್ಚು ಬಲ ಬೇಕಲ್ಲ. ನಾಲ್ಕು ಇಂಚು ಏರಿಸಿ, ಲಾಕರ್ (ಡಿಫರೆನ್ಷಿಯಲ್ ಲಾಕ್ ಮಾಡುವ ಸಾಧನ) ಹಾಕಿ, ಬಂಡೆ ಹತ್ತುವ ಆಸೆ ಇದ್ದರೆ ಶಾಫ್ಟ್, ಜಾಯಿಂಟ್, ಹೌಸಿಂಗ್ ಎಲ್ಲ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದನ್ನು ಮಾತ್ರ ಗಟ್ಟಿ ಮಾಡಿದರೆ ಪೆಟ್ಟು ಪಕ್ಕದ್ದಕ್ಕೆ ಹೋಗುತ್ತದೆ. ಶಾಫ್ಟ್ ಮುರಿದರೆ ಹೊಸದು ಹಾಕಬಹುದು. ಶಾಫ್ಟ್ ಉಳಿದು ಕ್ರೌನ್ ಹಲ್ಲು ಉದುರಿದರೆ ಹೌಸಿಂಗೇ ಬಿಚ್ಚಬೇಕು. ಅದಕ್ಕೇ ಅನುಭವಿಗಳು ಸುಲಭವಾಗಿ ಬದಲಿಸಬಹುದಾದ ಭಾಗವೇ ಮೊದಲು ಮುರಿಯುವ ಹಾಗೆ ಜೋಡಿಸುತ್ತಾರೆ, ಅದರ ಬದಲಿ ಗಾಡಿಯಲ್ಲೇ ಇಟ್ಟುಕೊಳ್ಳುತ್ತಾರೆ.

ಕೆಲಸ ಮಾಡಿಸುವಾಗ ಮೆಕ್ಯಾನಿಕ್ಕಿಗೆ ಅವಸರ ಮಾಡಬೇಡಿ. ಕ್ರೌನ್ ಪಿನಿಯನ್ ಕೂರಿಸುವುದು ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ತೆಗೆದು, ಹಲ್ಲುಗಳ ನಡುವಿನ ಸಡಿಲ, ಅಂದರೆ ಪ್ಲೇ, ಅಳೆದು, ಹಲ್ಲಿಗೆ ಬಣ್ಣ ಬಳಿದು ಎಲ್ಲಿ ತಾಗುತ್ತದೆ ನೋಡುವ ನಾಜೂಕು ಕೆಲಸ. ತಪ್ಪಾದರೆ ಓಡುವಾಗ ಊಂ ಅಂತ ಕೂಗು ಶುರುವಾಗುತ್ತದೆ. ಹೌಸಿಂಗಿನೊಳಗಿನ ಗಾಳಿ ಆಡುವ ಬ್ರೀದರ್ ಪೈಪನ್ನೂ ಅದೇ ಸಮಯಕ್ಕೆ ಮೇಲಕ್ಕೆ ಎಳೆಸಿ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಅಂತಲೇ ಅರ್ಥ, ಕೂಡಲೇ ಬದಲಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆಕ್ಸಲ್ ಬದಲಿಸಿ 35 ಇಂಚು ಹಾಕಿದ ಗಾಡಿಯನ್ನು ಹೆದ್ದಾರಿಗೆ ಇಳಿಸಿದರೆ ದಂಡ ಬೀಳಬಹುದು, ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರಬಹುದು. ಸ್ಪರ್ಧೆಗೆ ಅಂತಲೇ ಕಟ್ಟಿದ ಗಾಡಿಯನ್ನು ಟ್ರಕ್ ಮೇಲೆ ಹೇರಿಕೊಂಡು ಒಯ್ಯುವುದು ಇದಕ್ಕೇ. ದಿನವೂ ಓಡಿಸುವ ಗಾಡಿಯಾದರೆ ಟೈರ್ ಆರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿಕೊಳ್ಳಿ.